ಕದ್ರಾದ ಕೆಳಗೆ ಕೇಳಿದ ಭೋಂಗಾ

ಇಂಥ ಸಂಗತಿಗಳನ್ನು ನಂಬಿದವನಲ್ಲ ನಾನು. ಯಾರೂ ಇಲ್ಲದ ಮನೆಯಲ್ಲಿ ಹೆಜ್ಜೆ ಸಪ್ಪಳ ಕೇಳಿತು, ಸತ್ತವರು ಹೆಸರು ಹಿಡಿದು ಕರೆದರು ಎಂದು ಯಾರಾದರೂ ನನ್ನ ಅಂಗಡಿಯಲ್ಲಿ ಕೂತು ಹೇಳಿದರೆ ನಗುತ್ತಿದ್ದೆ. ಹಾಗೆ ನಗುವ ಹಕ್ಕು ನನಗೆ ಉಳಿದವರಿಗಿಂತ ಸ್ವಲ್ಪ ಹೆಚ್ಚೇ ಇದೆ ಎಂದೂ ತಿಳಿದಿದ್ದೆ. ಬಾಳೆಗುಳಿ ಕ್ರಾಸಿನ ಹತ್ತಿರ ನನ್ನದು ಮೈಕು, ಸ್ಪೀಕರ್ ಬಾಡಿಗೆಗೆ ಕೊಡುವ ಅಂಗಡಿ. ಇಪ್ಪತ್ತು ವರ್ಷಗಳಿಂದ ಮದುವೆ, ಯಕ್ಷಗಾನ, ಸಭೆ ಎಂದು ಊರೂರು ತಿರುಗಿದ್ದೇನೆ. ಯಾವ ವಯರು ಸಡಿಲಾದರೆ ಎಂಥ ಸದ್ದು ಬರುತ್ತದೆಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಸದ್ದು ಎಂದರೆ ಅದು ಎಲ್ಲಿಂದಾದರೂ ಬಂದಿರಲೇಬೇಕು. ಇಲ್ಲದ ಸದ್ದು ಕೇಳಿತು ಎನ್ನುವವನಿಗೆ ಕಿವಿಯೋ ತಲೆಯೋ ಕೆಟ್ಟಿರಬೇಕು. ಇದು ನನ್ನ ತೀರ್ಮಾನವಾಗಿತ್ತು. ಇದನ್ನು ಓದಿದ ಮೇಲೆ ನೀವು ನನ್ನ ಬಗ್ಗೆಯೂ ಅದೇ ತೀರ್ಮಾನಕ್ಕೆ ಬಂದರೆ ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ನಾಲ್ಕು ವರ್ಷಗಳ ಹಿಂದಿನ ಮಾತು. ನಾವು ಮೂವರು ಗೆಳೆಯರು, ಕಾರವಾರದ ಕಾಲೇಜಿನಲ್ಲಿ ಒಂದೇ ಬೆಂಚಿನವರು. ದಿನೇಶನದು ತಲೆತಲಾಂತರದಿಂದ ಕಡಲಿಗಿಳಿದ ಮನೆತನ; ಈಗಲೂ ಅವನ ಬೋಟು ಕಾರವಾರದ ಬಂದರಿನಿಂದ ಮೀನಿಗೆ ಹೋಗುತ್ತದೆ. ವಸಂತ ಕಾರವಾರದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಮನೆ ತೋಡೂರಿನಲ್ಲಿ, ಹೆಂಡತಿ ಶೈಲಾ, ಒಬ್ಬಳೇ ಮಗಳು. ನದಿಯ ಮೇಲೆ ಹೋಗುವ ಯೋಚನೆ ವಸಂತನದು. ಬಸ್ಸಿನಲ್ಲಿ ಕಾಳಿ ಸೇತುವೆ ದಾಟುವಾಗಲೆಲ್ಲ ಅವನು ಕಿಟಕಿಯ ಕಡೆಗೆ ಬಾಗಿ, ಕಾಣುವಷ್ಟು ದೂರ ನದಿಯನ್ನು ನೋಡುತ್ತಿದ್ದ. ಕದ್ರಾ ಅಣೆಕಟ್ಟಿನ ಕೆಳಗೆ ನೀರಿಗಿಳಿದು, ಸಮುದ್ರ ಸೇರುವ ಕೋಡಿಬಾಗದವರೆಗೆ ಮೂರು ದಿನ ನಿಧಾನಕ್ಕೆ ರಾಫ್ಟಿನಲ್ಲಿ ಬರಬೇಕೆಂಬುದು ಅವನ ಆಸೆ. ನಲವತ್ತೈದು ದಾಟಿದ ಮೇಲೆ ಅದಕ್ಕೆ ಕಾಲ ಕೂಡಿಬಂತು. ಪ್ರವಾಸಿಗರನ್ನು ಕರೆದೊಯ್ಯುವ ಪರಿಚಯದವರೊಬ್ಬರಿಂದ ದಿನೇಶ ರಬ್ಬರಿನ ರಾಫ್ಟು, ಹುಟ್ಟು, ಜಾಕೀಟು ಎಲ್ಲ ತಂದ.

ದೀಪಾವಳಿ ಮುಗಿದ ವಾರ ಹೊರಟೆವು. ಅಷ್ಟರಲ್ಲಿ ಮಳೆ ನಿಂತಿರಬೇಕಿತ್ತು. ಆದರೆ ಹಿಂದಿನ ಎರಡು ದಿನ ಘಟ್ಟದ ಮೇಲೆ ಜೋರು ಮಳೆ ಸುರಿದಿತ್ತು. ಅಣೆಕಟ್ಟಿನಿಂದ ನೀರು ಬಿಡುವ ಮೊದಲು ಸೈರನ್ ಕೂಗಿಸುತ್ತಾರೆ, ಆ ಕಡೆಯವರು ಅದಕ್ಕೆ ಭೋಂಗಾ ಎನ್ನುತ್ತಾರೆ, ಅದು ಕೇಳಿದ ಕೂಡಲೇ ದಡ ಹತ್ತಬೇಕು ಎಂದು ಹೊರಡುವಾಗ ದಿನೇಶನೇ ನಮಗಿಬ್ಬರಿಗೂ ಹೇಳಿಕೊಟ್ಟಿದ್ದ. ಮೊದಲ ದಿನ ಚೆನ್ನಾಗಿಯೇ ಕಳೆಯಿತು. ಕಲ್ಲುಗಳ ನಡುವೆ ನೀರು ಚುರುಕಾಗಿದ್ದಲ್ಲಿ ವಸಂತ ಸಣ್ಣ ಹುಡುಗರಂತೆ ಕೂಗಿದ. ಸಂಜೆ ಮರಳು ದಂಡೆಯಲ್ಲಿ ಅನ್ನ ಬೇಯಿಸಿ, ಒಣಮೀನು ಸುಟ್ಟುಕೊಂಡು ಉಂಡೆವು. ವಸಂತನಿಗೆ ಎದೆನೋವಿನ ಸುಳಿವೇ ಇರಲಿಲ್ಲ. ಇದ್ದರೂ ನಮಗೆ ಹೇಳಲಿಲ್ಲ.

ಎರಡನೆಯ ದಿನ ಬೆಳಿಗ್ಗೆ ಕೆರವಡಿ ದಾಟಿ ಮುಂದೆ ಬಂದಿದ್ದೆವು. ಅಲ್ಲಿಂದ ಕೆಳಗೆ ನದಿಗೆ ಸಮುದ್ರದ ಏರಿಳಿತ ತಾಗುತ್ತದೆ. ಇಳಿತದ ನೀರಿನ ಜೊತೆಗೆ ಹೋದರೆ ಮಧ್ಯಾಹ್ನ ಎರಡರೊಳಗೆ ಕಿನ್ನರ ಮುಟ್ಟಬಹುದು, ಅಲ್ಲಿ ರಸ್ತೆಯ ಪಕ್ಕದಲ್ಲೇ ತನ್ನ ಪರಿಚಯದವರ ಮನೆಯಲ್ಲಿ ಉಳಿಯಬಹುದು ಎಂದು ದಿನೇಶ ಲೆಕ್ಕ ಹಾಕಿದ್ದ. ಬಿಸಿಲು ಚುರುಕಾಗಿತ್ತು, ಗಾಳಿ ಇರಲಿಲ್ಲ. ಹನ್ನೊಂದೂವರೆಯ ಹೊತ್ತಿಗೆ ನನಗೆ ಸೈರನ್ ಕೇಳಿತು.

ಆ ಸದ್ದನ್ನು ನಾನು ಇದ್ದದ್ದು ಇದ್ದ ಹಾಗೆ ಹೇಳಬೇಕು. ಅದು ನಮ್ಮ ಬೆನ್ನ ಹಿಂದಿನಿಂದ, ನೀರಿನ ಮೇಲೆಯೇ ಹಾದು ಬಂತು. ಸಣ್ಣಗೆ ಶುರುವಾಗಿ ಏರಿ, ಏರಿದಲ್ಲೇ ನಿಂತು, ನಿಧಾನಕ್ಕೆ ಇಳಿಯಿತು. ಸ್ವಲ್ಪ ಬಿಟ್ಟು ಮತ್ತೊಂದು. ಮೂರನೆಯದು ಏರುತ್ತಿದ್ದಾಗಲೇ, ಯಾರೋ ಸ್ವಿಚ್ ಆರಿಸಿದ ಹಾಗೆ, ಅರ್ಧಕ್ಕೇ ಕಡಿಯಿತು. ಭ್ರಮೆ ಎನ್ನುವಷ್ಟು ಮಸುಕಾಗಿರಲಿಲ್ಲ ಅದು.

"ಸೈರನ್ ಆಯ್ತು. ಬದಿಗೆ ಹಾಕಿ, ಬದಿಗೆ ಹಾಕಿ!" ಎಂದು ಕೂಗಿದೆ.

ದಿನೇಶ ಹುಟ್ಟು ಹಾಕುವುದನ್ನು ನಿಲ್ಲಿಸಿ ತಿರುಗಿದ. "ಎಂತಾ ಸೈರನ್? ಹಕ್ಕಿ ಕೂಗುದು ಬಿಟ್ರೆ ನಂಗೆ ಎಂತದೂ ಕೇಳ್ಲಿಲ್ಲ ಮಾರಾಯ."

"ಮೂರ್ ಜನ ಒಂದೇ ಕಡೆ ಕುತ್ಕಂಡು ನಂಗೊಬ್ಬಂಗೇ ಕೇಳ್ತದ್ಯಾ? ನೀವು ಮಾತಾಡ್ತಾ ಇದ್ರಿ, ಲಕ್ಷ್ಯ ಇರ್ಲಿಲ್ಲ," ಎಂದೆ. ನಿಜವೆಂದರೆ ಆ ಹೊತ್ತಿಗೆ ಯಾರೂ ಮಾತಾಡುತ್ತಿರಲಿಲ್ಲ.

ವಸಂತ ಇಬ್ಬರ ಮುಖವನ್ನೂ ನೋಡಿದ. "ನಂಗೂ ಕೇಳ್ಲಿಲ್ಲ. ಆದ್ರೆ ಇವ್ನ ಕಿವಿ ಸುಳ್ಳು ಹೇಳುದಿಲ್ಲ. ಬದಿಗೆ ಹಾಕ್ವ, ನಮ್ದೆಂತ ಗಂಟು ಹೋಗ್ತದೆ?"

ಅವನು ಹಾಗೆ ಹೇಳದೆ ಇದ್ದಿದ್ದರೆ ನಾವು ನಿಲ್ಲುತ್ತಿರಲಿಲ್ಲ. ದಿನೇಶ ನನ್ನ ಮಾತು ಕೇಳುವವನಲ್ಲ. ವಸಂತನ ಮಾತನ್ನು ಯಾವತ್ತೂ ತೆಗೆದುಹಾಕುತ್ತಿರಲಿಲ್ಲ.

ದಡಕ್ಕೆ ಹತ್ತಿ ರಾಫ್ಟನ್ನು ಮೇಲಕ್ಕೆ ಎಳೆದುಕೊಂಡೆವು. ಅಲ್ಲೊಬ್ಬರು ವಯಸ್ಸಾದವರು ಹರಿವೆ ಮಡಿಗೆ ನೀರು ಹಾಕುತ್ತಿದ್ದರು. ಭೋಂಗಾ ಆಯಿತೇ ಎಂದು ಕೇಳಿದೆ.

"ಇವತ್ತಾ? ಆಗ್ಲಿಲ್ಲ ಬಿಡಿ," ಎಂದರು ಅವರು. ಮಾವಿನ ಮರದ ನೆರಳಲ್ಲಿ ಮಲಗಿದ್ದ ನಾಯಿಯನ್ನು ತೋರಿಸಿದರು. "ಭೋಂಗಾ ಆದ್ರೆ ಈ ನಾಯಿ ಹಿಂಗೆ ಬಿದ್ಕಂಡಿರ್ತಿತ್ತಾ? ಊರಿಗೇ ಕೇಳುವಂಗೆ ಊಳಿಡ್ತದೆ ಅದು."

ದಿನೇಶ ನನ್ನ ಕಡೆ ನೋಡಿದ. "ಸಮಾಧಾನ ಆಯ್ತಾ? ನಡಿ ಈಗ. ಈ ಇಳಿತ ಬಿಟ್ರೆ ಭರತಿ ಸುರು ಆಗ್ತದೆ. ಭರತಿ ನೀರಲ್ಲಿ ಈ ರಬ್ಬರ್ ಡಬ್ಬಿ ಒಂದ್ ಮಾರು ಮುಂದೆ ಹೋಗುದಿಲ್ಲ. ನಿಂಗೊತ್ತಿಲ್ಲ, ನಂಗೊತ್ತು."

ನಾನು ಒಪ್ಪಲಿಲ್ಲ. ಹೆದರಿಕೆ ಒಂದು ಕಡೆ, ನನ್ನ ಕಿವಿಯನ್ನು ಒಂದು ನಾಯಿಯ ಎದುರು ತೂಗಿ ನೋಡಿದರಲ್ಲ ಎಂಬ ಸಿಟ್ಟು ಇನ್ನೊಂದು ಕಡೆ. ಬಿಟ್ಟ ನೀರು ಇಲ್ಲಿಯವರೆಗೆ ಬರಲು ಎರಡು ತಾಸಾದರೂ ಬೇಕು, ಅದು ಹಾದುಹೋದ ಮೇಲೆಯೇ ಹೊರಡುವುದು ಎಂದು ಹಟ ಹಿಡಿದು, ಹುಟ್ಟುಗಳನ್ನೆಲ್ಲ ಎತ್ತಿಕೊಂಡು ಹೋಗಿ ಮರದಡಿ ಕೂತೆ. ವಸಂತ ನಗುತ್ತ ಪಕ್ಕದಲ್ಲಿ ಬಂದು ಕೂತ. ಬುತ್ತಿ ಬಿಚ್ಚಿ ಉಂಡ. ಮನೆಗೆ ಫೋನ್ ಮಾಡಿ, "ಇಲ್ಲೇ ದಂಡೆ ಮೇಲೆ ಕುತ್ಕಂಡಿದ್ದೇವೆ, ಕಿನ್ನರಕ್ಕೆ ಹೋಗುದು ತಡ ಆಗ್ತದೆ," ಎಂದು ಹೆಂಡತಿಗೆ ಹೇಳಿದ. ಆಮೇಲೆ ಟವೆಲು ಮುಖದ ಮೇಲೆ ಹಾಕಿಕೊಂಡು ಒಂದು ನಿದ್ದೆ ತೆಗೆದ.

ನೀರು ಬರಲಿಲ್ಲ. ದಂಡೆಯಲ್ಲಿ ನಾನು ಊರಿದ್ದ ಕೋಲಿನ ಬುಡಕ್ಕೆ ಒಂದು ಬೆರಳಿನಷ್ಟೂ ನೀರು ಏರಲಿಲ್ಲ. ಬದಲಿಗೆ ಇಳಿಯುತ್ತಲೇ ಹೋಯಿತು. ಎರಡೂವರೆಗೆ ನಾನೇ ಎದ್ದು ಹೋಗೋಣ ಎಂದೆ. ದಿನೇಶ ರಾಫ್ಟನ್ನು ನೀರಿಗೆ ತಳ್ಳಿದ.

ಅವನು ಹೇಳಿದ ಹಾಗೇ ಆಯಿತು. ಮೂರೂವರೆಗೆ ಭರತಿ ನೀರು ಎದುರಿನಿಂದ ಒತ್ತತೊಡಗಿತು. ಮೂವರೂ ಉಸಿರು ಬಿಗಿಹಿಡಿದು ಹುಟ್ಟು ಹಾಕಿದರೂ ದಡದ ಗಿಡಗಳು ಹಿಂದೆ ಸರಿಯುವುದು ಕಣ್ಣಿಗೆ ಕಾಣದಷ್ಟು ನಿಧಾನವಾಗಿತ್ತು. ನಾಲ್ಕರ ಹೊತ್ತಿಗೆ ಮುಂದೆ ಕೂತಿದ್ದ ವಸಂತ ಹುಟ್ಟನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡ. ಸುಸ್ತಾಯಿತೇನೋ ಎಂದುಕೊಂಡೆ. ಅವನು ತಿರುಗಿದಾಗ ಮುಖವೆಲ್ಲ ಬೆವರಿತ್ತು. "ಇಲ್ಲಿ ಹಿಡ್ದಂಗೆ ಆಗ್ತದೆ," ಎಂದು ಎದೆ ತೋರಿಸಿದ. ಎರಡೂ ದಡಗಳಲ್ಲಿ ಉಪ್ಪುನೀರಿನಲ್ಲಿ ಒತ್ತಾಗಿ ಬೆಳೆಯುವ ಕಾಂಡ್ಲಾ ಗಿಡ, ಬುಡದಲ್ಲಿ ಸೊಂಟದವರೆಗೆ ಹೂಳುವ ಕೆಸರು. ಇಳಿಯಲು ಜಾಗವಿಲ್ಲ. ಹಿಂದೆ ತಿರುಗುವುದಕ್ಕಿಂತ ಕಿನ್ನರವೇ ಹತ್ತಿರವಿತ್ತು. ವಸಂತನನ್ನು ರಾಫ್ಟಿನಲ್ಲಿ ಮಲಗಿಸಿ, ನಾನೂ ದಿನೇಶನೂ ಇನ್ನೂ ಒಂದು ತಾಸು ಆ ನೀರಿನ ಎದುರು ಗುದ್ದಾಡಿದೆವು. ದಿನೇಶ ಅಳುತ್ತಿದ್ದ. ಅವನು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಕಿನ್ನರದ ಹತ್ತಿರ ದಡ ಸಿಕ್ಕಿತು. ದಿನೇಶ ಫೋನ್ ಮಾಡಿದ್ದರಿಂದ ಅವನ ಪರಿಚಯದವರು ಓಮ್ನಿ ತಂದು ನಿಂತಿದ್ದರು. ಹಿಂದಿನ ಸೀಟಿನಲ್ಲಿ ವಸಂತನ ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಕೂತೆ. ದಿನೇಶ ಮುಂದೆ ಕೂತಿದ್ದ. ಕಡವಾಡ ದಾಟುವಾಗ ವಸಂತ ಕಣ್ಣು ತೆರೆದ. ಅವನ ನೋಟ ಸರಿಯಾಗಿಯೇ ಇತ್ತು, ನನ್ನ ಗುರುತು ಇತ್ತು.

"ಭೋಂಗಾ ಆಗ್ತದೆ," ಎಂದ.

"ಇಲ್ಲ ವಸಂತಾ. ಎಂತದೂ ಇಲ್ಲ. ಸುಮ್ನೆ ಮಲ್ಕೊ."

"ಕೇಳ್ತಿಲ್ವಾ ನಿಂಗೆ?" ಅವನು ನನ್ನ ಕೈಯನ್ನು ಬಿಗಿಯಾಗಿ ಹಿಡಿದ. ಕಿವಿಗೊಟ್ಟು ಕೇಳುವವನ ಹಾಗೆ ಕತ್ತು ವಾಲಿಸಿದ. "ಮೂರ್ನೇದು ಅರ್ಧಕ್ಕೇ ಕಡೀತು," ಎಂದ.

ನಾನು ಉಸಿರು ನಿಲ್ಲಿಸಿ ಕೇಳಿದೆ. ಓಮ್ನಿಯ ಇಂಜಿನ್ನು, ರಸ್ತೆಯ ಹೊಂಡಗಳಲ್ಲಿ ಬಾಗಿಲು ಕಟಕಟ ಎನ್ನುವುದು, ಅಷ್ಟೇ. ಬೇರೆ ಯಾವ ಸದ್ದೂ ಇರಲಿಲ್ಲ. ಆಮೇಲೆ ವಸಂತ ಮಾತಾಡಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಇಳಿಸುವಾಗ ಅವನ ಕೈ ನನ್ನ ಕೈಯಿಂದ ತಾನಾಗಿ ಜಾರಿತು. ಒಳಗೆ ನೋಡಿದ ಡಾಕ್ಟರು, ಸ್ವಲ್ಪ ಮೊದಲೇ ತರಬೇಕಿತ್ತು ಎಂದಷ್ಟೇ ಹೇಳಿದರು.

ಮೂರನೆಯ ಸೈರನ್ ಅರ್ಧಕ್ಕೆ ಕಡಿದ ವಿಷಯವನ್ನು ನಾನು ದಡದ ಮೇಲೆ ಇಬ್ಬರಿಗೂ ಹೇಳಿದ್ದೆನೋ ಇಲ್ಲವೋ? ಹೇಳಿರಲಿಲ್ಲ ಎಂದು ನನ್ನ ನೆನಪು. ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ ದಿನೇಶನನ್ನು ಕೇಳಿದೆ. "ಹೇಳಿದ್ದೆ. ಅದನ್ನೇ ಹತ್ತು ಸಲ ಹೇಳಿದ್ದೆ. ಅದೇ ಅವ್ನ ತಲೇಲಿ ಕುತ್ಕಂಡಿತ್ತು," ಎಂದ. ನಾನು ಇಲ್ಲ ಎಂದು ವಾದಿಸಿದೆ. "ನಿಂಗೆ ಯಾವ್ದು ಕೇಳಿದ್ದು, ಯಾವ್ದು ಹೇಳಿದ್ದು ಅಂತ ಗೊತ್ತಿದ್ರೆ ಅವತ್ತು ನಾವು ಅಲ್ಲಿ ಕುತ್ಕತ್ತಿರ್ಲಿಲ್ಲ," ಎಂದು ಎದ್ದು ಹೋದ. ಅದು ಅವನು ನನ್ನೊಂದಿಗೆ ಆಡಿದ ಕೊನೆಯ ಮಾತು. ಬಂದರಿನಲ್ಲಿ ಎದುರಾದರೆ ಈಗಲೂ ಬಲೆ ನೋಡುವ ನೆಪದಲ್ಲಿ ತಿರುಗಿ ನಿಲ್ಲುತ್ತಾನೆ.

ಕದ್ರಾದ ವಿದ್ಯುದಾಗಾರದ ನೌಕರರೊಬ್ಬರು ನನಗೆ ಪರಿಚಯ. ಅವರಲ್ಲಿ ವಿಚಾರಿಸಿದೆ. ಆ ದಿನ ಸೈರನ್ ಆಗಿರಲಿಲ್ಲ, ನೀರು ಬಿಡುವ ಅಗತ್ಯವೂ ಬಿದ್ದಿರಲಿಲ್ಲ ಎಂದರು. ಒಂದು ವೇಳೆ ಆಗಿದ್ದರೂ ನಾವಿದ್ದ ಜಾಗಕ್ಕೆ ಅಷ್ಟು ಸ್ಪಷ್ಟವಾಗಿ ಕೇಳುವುದು ಕಷ್ಟ ಎಂದರು. ಕಿವಿ ಡಾಕ್ಟರರಿಗೂ ತೋರಿಸಿದೆ. ಹೆಡ್‌ಫೋನ್ ಹಾಕಿ ಬಗೆಬಗೆಯ ಸದ್ದು ಕೇಳಿಸಿ, ನಿಮ್ಮ ವಯಸ್ಸಿಗೆ ಇಷ್ಟು ಒಳ್ಳೆಯ ಕಿವಿ ಅಪರೂಪ ಎಂದರು. ಏನಾದರೂ ದೋಷವಿದೆ ಎಂದು ಅವರು ಹೇಳಿದ್ದರೆ ನಾನು ಸಂತೋಷದಿಂದ ಮನೆಗೆ ಬರುತ್ತಿದ್ದೆ.

ನಾವು ನಿಲ್ಲದೆ ಹೋಗಿದ್ದರೆ ವಸಂತ ಎರಡು ಗಂಟೆಗೆ ಕಿನ್ನರದಲ್ಲಿ, ರಸ್ತೆಯ ಪಕ್ಕದ ಮನೆಯಲ್ಲಿ ಇರುತ್ತಿದ್ದ. ಭರತಿಯ ಎದುರು ಹುಟ್ಟು ಹಾಕುತ್ತಿರಲಿಲ್ಲ. ಈ ಲೆಕ್ಕವನ್ನು ಬೇರೆ ಯಾವ ರೀತಿಯಲ್ಲಿ ಹಾಕಿದರೂ ಉತ್ತರ ಬದಲಾಗುವುದಿಲ್ಲ. ಮುಂದಾಗುವುದನ್ನು ತಿಳಿಸಿ ಕಾಪಾಡುವ ಸೂಚನೆಗಳ ಕತೆಗಳನ್ನು ಎಷ್ಟೋ ಕೇಳಿದ್ದೇನೆ. ನನಗೆ ಕೇಳಿದ್ದು ಯಾರನ್ನೂ ಕಾಪಾಡಲಿಲ್ಲ.

ವಸಂತನ ವರ್ಷದ ಕಾರ್ಯಕ್ಕೆ ತೋಡೂರಿಗೆ ಹೋಗಿದ್ದೆ. ಊಟ ಮುಗಿಸಿ ಬಂದವರೆಲ್ಲ ಹೊರಟ ಮೇಲೆ ಶೈಲಾ ವೈನಿ ನಾನಿದ್ದ ಹಿತ್ತಲಿಗೆ ಬಂದರು.

"ಭಾವಾ, ಒಂದ್ ಮಾತು ಕೇಳ್ಬೇಕಿತ್ತು. ಅವತ್ತು ಫೋನ್ ಮಾಡಿ ದಂಡೆ ಮೇಲೆ ಕುತ್ಕಂಡಿದ್ದೇವೆ ಅಂದಿದ್ರು. ಅಷ್ಟ್ ಹೊತ್ತು ಎಂತಕ್ಕೆ ಕುತ್ಕಂಡಿದ್ರಿ?"

ದಿನೇಶ ಅವರಿಗೆ ಹೇಳಿರಲಿಲ್ಲ ಎಂದು ಆಗ ತಿಳಿಯಿತು. ನನ್ನನ್ನು ಕಂಡರೆ ಮುಖ ತಿರುಗಿಸುವವನು ಆ ಒಂದು ವರ್ಷ ನನ್ನ ಹೆಸರು ಎತ್ತಿರಲಿಲ್ಲ. ನಾನು ಏನನ್ನೂ ಮುಚ್ಚಿಡದೆ ಎಲ್ಲವನ್ನೂ ಹೇಳಿದೆ. ನನಗೆ ಕೇಳಿದ್ದು, ಹಟ ಹಿಡಿದದ್ದು, ಓಮ್ನಿಯಲ್ಲಿ ವಸಂತ ಆಡಿದ್ದು. ಅವರು ಅಳುತ್ತಾರೆ, ಇಲ್ಲವೇ ಬೈಯುತ್ತಾರೆ ಎಂದುಕೊಂಡಿದ್ದೆ. ಎರಡನ್ನೂ ಮಾಡಲಿಲ್ಲ.

"ನಿಮ್ಗೆ ಕೇಳಿದ್ದು ಖರೇನಾ?" ಎಂದಷ್ಟೇ ಕೇಳಿದರು.

"ಖರೇ ವೈನಿ."

"ಹಂಗಾದ್ರೆ ಅದನ್ನ ಯಾರು ಕೂಗ್ಸಿದ್ದು?"

ನಾನು ಏನಾದರೂ ಹೇಳಬಹುದೆಂದು ಅವರು ಕಾದರು. ಆಮೇಲೆ ಹಗ್ಗದ ಮೇಲೆ ಒಣಗಿದ್ದ ಮಗಳ ಶಾಲೆಯ ಅಂಗಿಯನ್ನು ತೆಗೆದು, ಮಡಚಿಕೊಂಡು ಒಳಗೆ ಹೋದರು. ನಾನು ಚಪ್ಪಲಿ ಮೆಟ್ಟಿಕೊಂಡು ಹಿತ್ತಲಿನಿಂದಲೇ ರಸ್ತೆಗೆ ಬಂದೆ. ಆ ಮನೆಗೆ ಮತ್ತೆ ಹೋಗಿಲ್ಲ.