ಪಂಪಾವತಿಯ ಗಂಡ ಆಯೇರಿ ಕೂಗಿದ್ದು

ಹೊಟ್ಟೆಕಿಚ್ಚು ನೆರೆಮನೆಯವರ ಮೇಲೆ ಬಂದರೆ ಹೇಗೋ ಬದುಕಬಹುದು, ಬಾಗಿಲು ಹಾಕಿಕೊಂಡರಾಯಿತು. ಕಟ್ಟಿಕೊಂಡ ಹೆಂಡತಿಯ ಮೇಲೇ ಬಂತೆಂದರೆ ಮುಗಿಯಿತು. ಅವಳು ಬಡಿದ ರೊಟ್ಟಿಯನ್ನೇ ತಿನ್ನುತ್ತ, ಅವಳ ಮೇಲೇ ಉರಿಯುತ್ತ, ನೀರು ಬೇಕಾದರೆ ಅವಳನ್ನೇ ಕೇಳಬೇಕು. ಸಿಂಧನೂರು ಡಿಪೋದ ಕಂಡಕ್ಟರ್ ನಿಂಗರಾಜನಿಗೆ ಬಂದದ್ದು ಈ ಎರಡನೆಯದು.

ಅವನನ್ನು ಬರೀ ಕಂಡಕ್ಟರ್ ಎಂದುಕೊಂಡೀರಿ! ಪಾಮನಕಲ್ಲೂರಿನಲ್ಲಿ ಹುಟ್ಟಿ, ಸಿಂಧನೂರಿನಲ್ಲಿ ಮನೆ ಮಾಡಿ, ಮಸ್ಕಿ ಮೇಲೆ ಲಿಂಗಸುಗೂರಿಗೆ ಹೋಗುವ ಬಸ್ಸಿನಲ್ಲಿ ಟಿಕೆಟ್ ಕೊಡುತ್ತ ಕೊಡುತ್ತಲೇ ನಾಟಕ ಬರೆದವನು. ನಮ್ಮ ಕಡೆ ಹಳ್ಳಿಯವರು ವರ್ಷಕ್ಕೊಮ್ಮೆ ತಾವೇ ಬಣ್ಣ ಹಚ್ಚಿಕೊಂಡು ನಾಟಕ ಆಡುತ್ತಾರಲ್ಲ, ಅದರ ಹ್ಯಾಂಡ್‌ಬಿಲ್ಲಿನಲ್ಲಿ ಎಲ್ಲರಿಗಿಂತ ಮೇಲೆ ‘ಕವಿಗಳು’ ಎಂದು ಹಾಕಿ ಬರೆದವನ ಹೆಸರು ಅಚ್ಚು ಮಾಡುತ್ತಾರೆ. ಆ ಜಾಗದಲ್ಲಿ ತನ್ನ ಹೆಸರು ನೋಡುವುದೆಂದರೆ ನಿಂಗರಾಜನಿಗೆ ಪಂಚಪ್ರಾಣ. ಬಸ್ಸಿನಲ್ಲಿ ಯಾರಾದರೂ “ಕವಿಗಳ, ಎರಡು ಮಸ್ಕಿ ಕೊಡ್ರಿ” ಎಂದರೆ ಸಾಕು, ಅವರ ಹತ್ತಿರ ಚಿಲ್ಲರೆ ಇಲ್ಲದಿದ್ದರೂ ಬೈಯುತ್ತಿರಲಿಲ್ಲ.

ನಾಟಕ ಬರೆದು ಮುಗಿದ ಮೇಲೆ ಪ್ರತಿ ಪಾತ್ರದ ಮಾತನ್ನೂ ಬೇರೆ ಬೇರೆ ಹಾಳೆಗೆ ಇಳಿಸಿ ಹಂಚಬೇಕು. ಆ ನಕಲು ಮಾಡುವ ಕೆಲಸ ಹೆಂಡತಿ ಪಂಪಾವತಿಯದು. ನಿಂಗರಾಜನ ನಾಟಕದ ಗಂಡಸರು ಚೆನ್ನಾಗಿ ಗುಡುಗುತ್ತಿದ್ದರು. ಹೆಂಗಸರೂ ಗುಡುಗುತ್ತಿದ್ದರು, ಅದೇ ತೊಂದರೆ. ಸತ್ತ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡ ತಾಯಿ “ಎಲೈ ಕ್ರೂರ ವಿಧಿಯೇ!” ಎಂದು ಫೌಜದಾರನ ಹಾಗೆ ಅಬ್ಬರಿಸುತ್ತಿದ್ದಳು. ಪಂಪಾವತಿ ನಕಲು ಮಾಡುವಾಗ ಅದನ್ನು ಹೊಡೆದುಹಾಕಿ, ತಾಯಿ ಕೂಸಿನ ಕುಲಾವಿ ಸರಿಮಾಡುತ್ತ “ಥಂಡಿ ಐತಿ, ಕಿವಿ ಮುಚ್ಕೋ ನನ್ನಪ್ಪ” ಅನ್ನುವ ಹಾಗೆ ಬರೆದಳು. ಗಂಡನಿಗೆ ಹೇಳಲಿಲ್ಲ, ಹೇಳಿದರೆ ಮನೆಯಲ್ಲೂ ಗುಡುಗು. ಆ ಸಲದ ನಾಟಕಕ್ಕೂ ಮುಂದಿನವಕ್ಕೂ ಬಂದ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ಅತ್ತರು. ಮಾತು ಅಲ್ಲಲ್ಲಿ ಬೇರೆಯಾದದ್ದನ್ನು ನಟಿಯೇ ಬದಲಿಸಿಕೊಂಡಿರಬೇಕು ಎಂದುಕೊಂಡು, ನಿಂಗರಾಜ ಆ ಅಳುವನ್ನೆಲ್ಲ ತನ್ನ ಹೆಸರಿಗೆ ಜಮಾ ಮಾಡಿಕೊಂಡ.

ಆ ತಾಯಿಯ ಪಾತ್ರ ಮಾಡಿದವಳು ಗದಗಿನ ಕಡೆಯ ಜಯಶ್ರೀ. ಹಳ್ಳಿ ನಾಟಕಗಳಿಗೆ ಸ್ತ್ರೀಪಾತ್ರಕ್ಕೆ ಬರುತ್ತಿದ್ದವಳು ಮುಂದೆ ಟೀವಿ ಧಾರಾವಾಹಿಗೆ ಹೋಗಿ ಹೆಸರು ಮಾಡಿದಳು. ಒಂದು ದಿನ ಅವಳ ಫೋನ್ ಬಂತು.

“ಅಣ್ಣಾರ, ಹೊಸಾ ಧಾರಾವಾಹಿ ಶುರು ಆಗಾಕತ್ತೈತಿ. ಎಲ್ಲಾ ನಮ್ಮ ಕಡೀ ಮಾತು. ನಿಮ್ಮ ಮನೀ ಬರವಣಿಗಿನ ಬೇಕು ಅಂತ ನಾ ಹಟಾ ಹಿಡದೀನಿ. ಸೋಮವಾರ ಬರ್ರಿ.”

ನಿಮ್ಮ ಮನೆಯ ಬರವಣಿಗೆ ಎಂದರೆ ಮತ್ತಾರದು? ನಿಂಗರಾಜ ರಜೆ ಹಾಕಿದ, ಹೊಸ ಅಂಗಿ ಹೊಲಿಸಿದ, ಡಿಪೋದವರಿಗೆಲ್ಲ ಚಹಾ ಕುಡಿಸಿದ. ಬೆಂಗಳೂರಿನಲ್ಲಿ ಒಂದು ತಣ್ಣನೆಯ ಕೋಣೆಯಲ್ಲಿ ಕೂರಿಸಿ, ಅತ್ತೆ ಸೊಸೆ ಒಲೆಯ ಮುಂದೆ ಜಗಳವಾಡುವ ಸೀನ್ ಬರೆಯಿರಿ ಎಂದರು. ಬರೆದ. ನಿರ್ದೇಶಕ ಓದಿದ, ಕಿವಿ ಕೆರೆದುಕೊಂಡ, ಹಾಳೆಯನ್ನು ಜಯಶ್ರೀಗೆ ಕೊಟ್ಟ. ಅವಳು ಪಾಪ, ಕೆಟ್ಟವಳಲ್ಲ. ಇದ್ದದ್ದನ್ನು ಕೇಳಿಬಿಟ್ಟಳು.

“ಅಣ್ಣಾರ, ಇದು ಬ್ಯಾರೆ ಆತಲ್ರೀ. ನನಗ ಕೊಡ್ತಿದ್ದ ಪಾತ್ರದ ಹಾಳ್ಯಾಗ ಇರ್ತಿತ್ತಲ್ಲ, ಆ ಅಕ್ಷರದಾಕೀದು ಬೇಕು. ಅಕ್ಕಾರನ್ನ ಯಾಕ ಕರಕೊಂಡು ಬರಲಿಲ್ಲ?”

ಅಲ್ಲಿಯೇ ಭೂಮಿ ಬಾಯಿ ಬಿಡಬಾರದೇ ಎನಿಸಿತು ನಿಂಗರಾಜನಿಗೆ. ಅಷ್ಟು ವರ್ಷ ಅತ್ತ ಹೆಂಗಸರು ಯಾರ ಮಾತಿಗೆ ಅತ್ತಿದ್ದರು ಎಂಬುದು ಆ ಕೋಣೆಯಲ್ಲಿ ಗೊತ್ತಾಯಿತು. ಊರಿಗೆ ಬಂದವನೇ ಹೊಸ ಅಂಗಿಯನ್ನು ಮೂಲೆಗೆ ಬಿಸಾಕಿ, “ನಿನ್ನ ಕರ್ಯಾಕತ್ತಾರ ಹೋಗು” ಎಂದ. ಅದನ್ನು ಹೇಳುವಾಗ ಅವಳ ಮುಖ ನೋಡಲಿಲ್ಲ.

ಪಂಪಾವತಿ ಹೋಗಲಿಲ್ಲ, ಸಿಂಧನೂರಿನ ಮನೆಯಲ್ಲೇ ಕೂತು ಬರೆದಳು. ಬೆಳಿಗ್ಗೆ ಪಲ್ಯಕ್ಕೆ ಒಗ್ಗರಣೆ ಹಾಕುತ್ತ ಅತ್ತೆಯ ಮಾತು ಒಂದು ದನಿಯಲ್ಲಿ, ಸೊಸೆಯ ಮಾತು ಇನ್ನೊಂದು ದನಿಯಲ್ಲಿ ಆಡಿ ನೋಡುವಳು. ಸರಿ ಅನ್ನಿಸಿದ್ದನ್ನು ಫೋನಿನಲ್ಲಿ ಬರೆದು ಬೆಂಗಳೂರಿಗೆ ಕಳಿಸುವಳು. ಧಾರಾವಾಹಿ ಎದ್ದು ನಿಂತಿತು. ರಾಯಚೂರು ಕಡೆಯ ಹೆಂಗಸರು ಅದರಲ್ಲಿ ತಮ್ಮ ಮಾತನ್ನೇ ಕೇಳಿ, ಸಂಜೆ ಅಡಿಗೆ ಬೇಗ ಮುಗಿಸಿ ಟೀವಿ ಮುಂದೆ ಕೂರತೊಡಗಿದರು. ಒಂದು ಮುಗಿಯುವುದರೊಳಗೆ ಇನ್ನೊಂದು. ಆಮೇಲೆ ಚಾನೆಲ್‌ನವರೇ, ನೀವೇ ಧಾರಾವಾಹಿ ತಯಾರಿಸಿ ಕೊಡಿ ಎಂದರು. ಪಂಪಾವತಿ ನಿರ್ಮಾಪಕಿಯೂ ಆದಳು.

ಇತ್ತ ನಿಂಗರಾಜನ ಪಾಡು ಕೇಳಬೇಡಿ. ಪರದೆಯ ಮೇಲೆ ‘ಸಂಭಾಷಣೆ: ಪಂಪಾವತಿ’ ಎಂದು ಬರುವ ಹೊತ್ತಿಗೆ ಸರಿಯಾಗಿ ಅವನಿಗೆ ಹೊರಗಿನ ನಲ್ಲಿ ನೆನಪಾಗುತ್ತಿತ್ತು. ಕೊಡ ತುಂಬಿದ್ದರೂ ಹೋಗಿ ತುಂಬುತ್ತಿದ್ದ. ಒಳಗೆ ಬಂದವನು ಒಂದು ಮಾತೂ ಬಿಡದೆ ಕೇಳುತ್ತಿದ್ದ. ತಪ್ಪು ಸಿಕ್ಕರೆ ಖುಷಿ, ಸಿಗದಿದ್ದರೆ ಊಟ ಸೇರದು. ಒಳ್ಳೆಯ ಮಾತು ಬಂದಾಗಲಂತೂ, ಇದು ನನಗ್ಯಾಕೆ ಹೊಳೆಯಲಿಲ್ಲ, ಅದೇ ಒಲೆ, ಅದೇ ಅತ್ತೆ, ನಾನೂ ಇದೇ ಮನೆಯಲ್ಲೇ ಇದ್ದೆನಲ್ಲ! ಎಂದು ಒಳಗೊಳಗೇ ಕುದಿಯುತ್ತಿದ್ದ. ಬಸ್ಸಿನಲ್ಲಿ ‘ಕವಿಗಳು’ ಎಂಬ ಮಾತೇ ನಿಂತುಹೋಯಿತು. “ಪಂಪಕ್ಕನ ಯಜಮಾನ್ರ, ನಾಳಿ ಆ ಅತ್ತಿ ಸಾಯ್ತಾಳೇನ್ರೀ?” ಎಂದು ಕೇಳುವವರೇ ಎಲ್ಲ.

“ನಿಮ್ಮವ್ವ ಸಾಯ್ತಾಳ” ಎಂದು ನಾಲಿಗೆಯ ತುದಿಗೆ ಬರುತ್ತಿತ್ತು. ನುಂಗಿಕೊಂಡು ಟಿಕೆಟ್ ಕೊಡುತ್ತಿದ್ದ.

ಅವನಿಗೆ ಬೇಕಾದದ್ದು ಬಹಳವೇನಲ್ಲ. ಒಂದೇ ಒಂದು ಸಲ, ತನ್ನ ಸ್ವಂತ ಮಾತು ಟೀವಿಯಲ್ಲಿ ಬರಬೇಕು, ಇದು ನಿಂಗರಾಜನ ಮಾತು ಎಂದು ಜನ ಅನ್ನಬೇಕು. ಹೆಂಡತಿಗೆ ಅದು ತಿಳಿಯದೆ ಇರುತ್ತದೆಯೇ? “ಕಥಿ ಅಂತ ನಿಮ್ಮ ಹೆಸರು ಹಾಕಸ್ತೀನ್ರೀ” ಎಂದಳು ಒಂದು ದಿನ. “ಭಿಕ್ಷಾ ನೀಡಾಕ ಬಂದೀಯೇನು?” ಎಂದು ಅವನು ತಾಟು ಸರಿಸಿ ಎದ್ದ. ಅವಳು ಮತ್ತೆ ಆ ಮಾತು ತೆಗೆಯಲಿಲ್ಲ. ತೆಗೆಯಲಿಲ್ಲವಲ್ಲ ಎಂದು ಇವನಿಗೆ ಅದಕ್ಕೂ ಸಿಟ್ಟು!

ಅವಳ ಸ್ವಂತ ಧಾರಾವಾಹಿಯ ಶೂಟಿಂಗ್ ಹತ್ತಿರದ ಸಾಲಗುಂದದಲ್ಲಿ ನಡೆಯಿತು. ಅತ್ತೆ ಸೊಸೆಯನ್ನು ಮನೆಯಿಂದ ಹೊರಗೆ ಹಾಕುವ ಸೀನ್. ಊರಿನವರೆಲ್ಲ ಸುತ್ತ ನಿಂತು ನೋಡಬೇಕು, ನೋಡುವವರ ಪಾತ್ರಕ್ಕೆ ಊರವರನ್ನೇ ಕರೆದಿದ್ದರು. ಸೊಸೆ ಜಯಶ್ರೀಯೇ. ಮರುದಿನ ಅವಳು ಬೇರೆ ಕೆಲಸಕ್ಕೆ ಹೈದರಾಬಾದಿಗೆ ಹೋಗುವವಳು, ಹಾಗಾಗಿ ಬಿಸಿಲು ಇರುವುದರೊಳಗೆ ಸೀನ್ ಮುಗಿಯಲೇಬೇಕಿತ್ತು. ವಾರದ ರಜೆ ಇದ್ದ ನಿಂಗರಾಜನೂ ಹೋಗಿದ್ದ. ಜನರನ್ನು ಸುಮ್ಮನಿರಿಸಲು ಗಟ್ಟಿ ದನಿಯವನೊಬ್ಬ ಬೇಕು ಎಂದು ಅವನ ಕೈಗೆ ಮೈಕ್ ಕೊಟ್ಟರು.

ಕೊಡೆಯ ಕೆಳಗೆ ಕುರ್ಚಿಯಲ್ಲಿ ಪಂಪಾವತಿ. ನಿರ್ದೇಶಕ ಅವಳ ಹತ್ತಿರ ಬಗ್ಗಿ “ಮೇಡಂ” ಅನ್ನುತ್ತಾನೆ, ಕ್ಯಾಮೆರಾದ ದಾನಿಷ್ “ಮೇಡಂ” ಅನ್ನುತ್ತಾನೆ, ಕಂಡಕ್ಟರ್ ಎಂದರೆ ಮೂಗು ಮುರಿಯುತ್ತಿದ್ದ ಸಾಲಗುಂದದ ಗೌಡರೂ “ಮೇಡಂ” ಅನ್ನುತ್ತಾರೆ. ನಿಂಗರಾಜನಿಗೆ ನೆತ್ತಿಯವರೆಗೆ ಉರಿ ಏರಿತು. ಈ ಹೆಂಗಸು ಒಂದು ದಿನ ಸೋಲಲಿ, ಒಂದೇ ಒಂದು ದಿನ ಎಂದುಕೊಂಡ.

ಇನ್ನು ಆಯೇರಿಯ ವಿಷಯ ಹೇಳಬೇಕು. ಹಳ್ಳಿ ನಾಟಕದಲ್ಲಿ ಪಾತ್ರಧಾರಿಯ ಮೇಲೆ ಪ್ರೀತಿ ಬಂದರೆ ಜನ ನಾಟಕದ ನಡುವೆಯೇ ರಂಗ ಹತ್ತಿ ಸೀರೆಯೋ, ಉಂಗುರವೋ, ಟವೆಲೋ ಕೊಡುತ್ತಾರೆ. ಅದೇ ಆಯೇರಿ. ಆಗ ನಾಟಕ ಅಲ್ಲಿಗೇ ನಿಲ್ಲಬೇಕು, ಯುದ್ಧ ನಡೆದಿದ್ದರೂ ನಿಲ್ಲಬೇಕು. ಕೊಟ್ಟವರ ಹೆಸರು, ಕೊಟ್ಟ ವಸ್ತು ಮೈಕಿನಲ್ಲಿ ಕೂಗಬೇಕು. ಒಂದು ಮನೆಯವರು ಮಾಡಿದರೆಂದರೆ ಅವರಿಗೆ ಆಗದ ಮನೆಯವರು ಸುಮ್ಮನೆ ಕೂರುವುದುಂಟೇ?

ನಿಂಗರಾಜ ಮೈಕ್ ಕೆಳಗಿಟ್ಟು ಬಸ್ಸಪ್ಪನ ಪಕ್ಕಕ್ಕೆ ಹೋದ. ಬಸ್ಸಪ್ಪ ಸಾಲಗುಂದದ ದೊಡ್ಡ ಒಕ್ಕಲುತನದ ಮನೆಯವನು, ನಾಟಕದ ಹುಚ್ಚಿನವನು. ಅದೇ ಊರಿನ ಮಾನಪ್ಪನ ಮನೆಗೂ ಅವನಿಗೂ ಹಿಂದಿನಿಂದ ಆಗದು.

“ಬಸ್ಸಪ್ಪ ಮಾವ, ಹಿಂದ ನಾಟಕದಾಗ ಇದೇ ಜಯಶ್ರೀಗೆ ಸೀರಿ ಆಯೇರಿ ಮಾಡಿದಾವ ನೀನು. ಇವತ್ತು ಆಕೀನ ಮನೀ ಬಿಟ್ಟು ಓಡಸಾಕತ್ತಾರ, ಸುಮ್ಮನ ನಿಂತೀಯಲ್ಲ! ಮಾನಪ್ಪನ ಮನ್ಯಾಗ ತಯಾರಿ ನಡದೈತಂತ, ನೋಡು ಮತ್ತ.”

ಮಾನಪ್ಪನ ಮನೆಯಲ್ಲಿ ಯಾವ ತಯಾರಿಯೂ ಇರಲಿಲ್ಲ. ಅದು ಶುದ್ಧ ಸುಳ್ಳು.

ಕ್ಯಾಮೆರಾ ಶುರುವಾಯಿತು. ಅತ್ತೆ ಗಂಟು ಎಸೆದಳು, ಜಯಶ್ರೀ ಹೊಸ್ತಿಲ ಮೇಲೆ ಕುಸಿದಳು. ಅಷ್ಟರಲ್ಲಿ ಬಸ್ಸಪ್ಪ ಮನೆಯಿಂದ ತಂದ ಮಡಿಸಿದ ಇಳಕಲ್ ಸೀರೆ ಹಿಡಿದು ನೆಟ್ಟಗೆ ನಡುವೆ ಬಂದು ನಿಂತು, “ಕೂಗೋ ನಿಂಗರಾಜ!” ಎಂದ. ನಿರ್ದೇಶಕ ತಲೆಯ ಮೇಲೆ ಕೈ ಇಟ್ಟ. ನಿಂಗರಾಜ ಕೂಗಿದ. ಸೀರೆಯ ಹೆಸರು ಕೇಳಿದ್ದೇ ತಡ, ಮಾನಪ್ಪನ ಹೆಂಡತಿ ಮನೆಗೆ ಓಡಿದಳು. ಅವಳು ಬೆಳ್ಳಿ ಕಾಲುಂಗುರ ತಂದಳು. ಆಮೇಲೆ ಇನ್ನೊಂದು ಓಣಿಯವರು, ಮತ್ತೊಂದು ಓಣಿಯವರು. ತಡೆಯಲು ಹೋದ ಬೆಂಗಳೂರಿನ ಹುಡುಗರಿಗೆ “ಆಯೇರಿ ಬ್ಯಾಡ ಅನ್ನಾಕ ನೀವ್ಯಾರಲೇ?” ಎಂದು ಜನ ಜೋರು ಮಾಡಿದರು.

ಎಂಥ ಮೋಜು ಅಂತೀರಿ! ನಿಂಗರಾಜನಿಗೆ ಮೈಯಲ್ಲಿ ದೇವರು ಬಂದ ಹಾಗಾಯಿತು. ಒಂದೊಂದು ಆಯೇರಿಗೂ ಒಂದೊಂದು ಮಾತು ಕಟ್ಟಿ ಕೂಗಿದ, ಆಗಲೇ ಹೊಳೆದದ್ದು, ಎಲ್ಲಿಯೂ ಬರೆದಿಟ್ಟದ್ದಲ್ಲ. ಕೊನೆಗೆ ಬಳೆ ಮಾರುವ ಮುದುಕಿ ಮೈಮುನಾಬಿ ಬಂದಳು. ಜಯಶ್ರೀಯ ಕೈ ಹಿಡಿದು ಹಸಿರು ಬಳೆ ಏರಿಸುತ್ತ ತಾನೇ ಅತ್ತುಬಿಟ್ಟಳು. ನಿಂಗರಾಜನ ದನಿ ಅವನಿಗೇ ಗೊತ್ತಿಲ್ಲದೆ ಇಳಿಯಿತು.

“ಮೈಮುನಾಬಿಯಾರು, ಹೊಸ್ತಲದ ಹೊರಗ ನಿಂತ ಮಗಳಿಗೆ, ಒಂದು ಕೈತುಂಬ ಬಳಿ. ಬಳಿ ಒಡದರ ನಾ ಮತ್ತ ತಂದು ಇಡಸ್ತೀನಿ, ಮನೀ ಒಡದರ ಯಾವ ಬಳಿಗಾರ ಬರಬೇಕವ್ವ ಅಂತ ಕೇಳಾಕತ್ತಾರ.”

ಸುತ್ತ ನಿಂತ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಅತ್ತೆಯ ಪಾತ್ರದವಳು ಸಹ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮೈಮುನಾಬಿ ಹಾಗೆ ಕೇಳಿಯೇ ಇರಲಿಲ್ಲ, ಅದು ಪೂರ್ತಿ ನಿಂಗರಾಜನದು. ಅವನ ಜನ್ಮದಲ್ಲಿ ಹೆಂಗಸಿನ ಬಾಯಿಗೆ ಇಟ್ಟ ಮೊದಲ ನಿಜವಾದ ಮಾತು.

ಹೊತ್ತು ಮುಳುಗಿತು. ಬರೆದ ಸೀನಿನ ಒಂದು ಮಾತೂ ಆಗಲಿಲ್ಲ, ಜಯಶ್ರೀ ಆಯೇರಿಯ ಗಂಟು ಹೊತ್ತು ಕಾರು ಹತ್ತಿದಳು. ಕೆಟ್ಟಿತು, ಕೆಟ್ಟೇ ಕೆಟ್ಟಿತು ಎಂದು ನಿಂಗರಾಜನಿಗೆ ಒಳಗೆ ಹಾಲು ಕುಡಿದಷ್ಟು ಸಂತೋಷ. ಪಂಪಾವತಿಯ ಕಡೆ ನೋಡಿದ. ಅವಳು ಅಳುತ್ತಿರಲಿಲ್ಲ. ದಾನಿಷ್‌ನ ಪಕ್ಕದಲ್ಲಿ ನಿಂತು ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಏನನ್ನೋ ನೋಡುತ್ತಿದ್ದಳು. ಅವಳು ಒಂದು ಸಲವೂ “ನಿಲ್ಲಿಸು” ಎಂದಿರಲಿಲ್ಲವಂತೆ, ದಾನಿಷ್ ಎಲ್ಲವನ್ನೂ ತೆಗೆದುಕೊಂಡಿದ್ದ.

ಮರುದಿನ ಮಧ್ಯಾಹ್ನ ಊಟಕ್ಕೆ ಬಡಿಸುತ್ತ ಅವಳು ಹೇಳಿದಳು, “ನಿನ್ನೀ ಶೂಟಿಂಗ್ ಭಾಳ ಚಂದ ಬಂದೈತ್ರೀ. ಅತ್ತೀ ಮನಸು ಕರಗೋದು ಅಷ್ಟು ಬ್ಯಾರೆ ತಕ್ಕೊಂಡ್ರ ಆತು. ನೀವು ಕೂಗಿದ್ದು ಪೂರಾ ಹಾಕ್ತೀನಿ.”

ನಿಂಗರಾಜನ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. ಟೀವಿಯಲ್ಲಿ, ತನ್ನ ಮಾತು! ಕೆಡಿಸಲು ಹೋಗಿ ಇದೇನು ಕೈಗೆ ಬಂತು! ತುತ್ತನ್ನು ತಾಟಿಗೆ ಬಿಟ್ಟು, “ಮತ್ತ... ಮಾತು ನನ್ನುವ ಅದಾವಲ್ಲ. ಹೆಸರು?” ಎಂದ. ಇಷ್ಟು ವರ್ಷದಲ್ಲಿ ಅವನು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು.

“ಸಂಭಾಷಣಿ ನಿಂಗರಾಜ ಅಂತ ಹಾಕ್ತೀನಿ, ನನಗೇನು? ಸಂತೋಷ” ಎಂದಳು ಪಂಪಾವತಿ. ಮಜ್ಜಿಗೆ ಹಾಕಿದಳು. “ಆದ್ರ ಬಸ್ಸಪ್ಪ ಮಾವ ನಿನ್ನಿ ಸಂಜೀಗೆ ಕೇಳಿದ. ‘ಮಾನಪ್ಪ ತಯಾರಿ ಮಾಡ್ಯಾನ ಅಂತ ನಿನ್ನ ಗಂಡ ಅಂದನಲ್ಲವ್ವ, ಅವರಿಗೆ ಗೊತ್ತ ಇರಲಿಲ್ಲಂತಲ್ಲ’ ಅಂತ. ನೀವ ಬರದದ್ದು ಅಂತ ಟೀವ್ಯಾಗ ಬಂತು ಅಂದ್ರ, ಕಂಡಕ್ಟರ ನಮ್ಮನ್ನ ಕುಣಿಸಿ ಆಯೇರಿ ಮಾಡಿಸ್ಯಾನ ಅಂತಾರ ಊರಾಗ. ಕಣ್ಣೀರು ಹಾಕಿ ಕೊಟ್ಟಾರ್ರೀ ಅವರು. ನೀವ ಹೇಳ್ರಿ, ಏನಂತ ಹಾಕ್ಲಿ?”

ಬೈದಿದ್ದರೆ ಒಂದು ಜಗಳವಾದರೂ ಆಗುತ್ತಿತ್ತು. ಅವಳು ಬೈಯಲಿಲ್ಲ. ನಿಂಗರಾಜ ಮಜ್ಜಿಗೆ ಅನ್ನವನ್ನು ಬಹಳ ಹೊತ್ತು ಕಲಸಿದ. ಬಸ್ಸಪ್ಪ, ಮಾನಪ್ಪ ದಿನಾ ತನ್ನ ಬಸ್ಸಿಗೇ ಹತ್ತುವವರು.

“ಏನೂ ಬ್ಯಾಡ” ಎಂದ. “ಯಾವಾಗ್ಲೂ ಇರೋ ಹಂಗ ನಿನ್ನ ಹೆಸರ ಇರಲಿ.”

ಆ ಕಂತು ಬಂದ ಮರುದಿನ ಲಿಂಗಸುಗೂರು ಬಸ್ ನಿಲ್ದಾಣದ ಕ್ಯಾಂಟೀನಿನಲ್ಲಿ ನಿಂಗರಾಜ ಚಹಾ ಹಿಡಿದು ನಿಂತಿದ್ದ. ಮುದಗಲ್ಲಿನ ಬಸ್ಸಿಗೆ ಕಾಯುತ್ತಿದ್ದ ಹೆಂಗಸರ ಗುಂಪು ಅವನನ್ನು ಗುರುತು ಹಿಡಿಯಿತು.

“ಆಯೇರಿ ಕೂಗಿದಾರು ಇವರ ನೋಡ್ರೇ! ಯಣ್ಣಾ, ಆ ಬಳೀ ಮಾತು ಇನ್ನೊಮ್ಮೆ ಅನ್ರಿ. ರಾತ್ರಿ ನಮ್ಮವ್ವಗ ನಿದ್ದೀನ ಹತ್ತಲಿಲ್ಲ.”

ನಿಂಗರಾಜ ಚಹಾ ಕೆಳಗಿಟ್ಟ. ಇಷ್ಟು ಮುಖಗಳು ಅವನ ಬಾಯಿಯನ್ನೇ ನೋಡುತ್ತ ನಿಂತದ್ದು ಎಷ್ಟು ವರ್ಷದ ಮೇಲೆ! ದನಿ ಇಳಿಸಿ, ಅಂದಿನ ಹಾಗೆಯೇ ಹೇಳಿದ. ಬಳೆ ಒಡೆದರೆ ಮತ್ತೆ ತಂದು ಇಡಿಸುತ್ತೇನೆ ಎಂದದ್ದು, ಮನೆ ಒಡೆದರೆ ಯಾವ ಬಳೆಗಾರ ಬರಬೇಕು ಎಂದದ್ದು, ಎಲ್ಲವನ್ನೂ. ಒಬ್ಬಳು ಸೆರಗಿನಿಂದ ಕಣ್ಣೊತ್ತಿಕೊಂಡಳು. ಚಹಾ ಸೋಸುವವನು ಸೋಸುವುದನ್ನು ನಿಲ್ಲಿಸಿದ್ದ.

“ಅಬಬಬಾ, ಏನ್ ಬರದಾಳ್ರೇ ಪಂಪಕ್ಕ!” ಎಂದಳು ಅವರಲ್ಲಿ ಹಿರಿಯಳು. “ಹೆಣ್ಣಿನ ಕರಳು ಹೆಣ್ಣಿಗೇ ಗೊತ್ತು. ಗಂಡಸರಿಗೆ ಹೊಳಿಯೋ ಮಾತೇನ್ರೀ ಇದು? ನೀವೂ ಚಂದ ಬಾಯಿಪಾಠ ಮಾಡೀರಿ ಬಿಡ್ರಿ. ಆಕೀನ ಬರದದ್ದು, ಹೌದಲ್ಲ?”

ಅಲ್ಲ ಎನ್ನಲು ಬಾಯಿ ತೆರೆದ. ಹಿಂದಿನ ಬೆಂಚಿನಲ್ಲಿ ಸಾಲಗುಂದದ ಇಬ್ಬರು ಕೂತಿದ್ದರು.

“ಹೌದ್ರೀ” ಎಂದ ನಿಂಗರಾಜ. “ಆಕೀದ.”

ಹೆಂಗಸರು ಪಂಪಕ್ಕನನ್ನು ಹೊಗಳುತ್ತ, ಆ ಮಾತನ್ನು ಬಾಯಿಂದ ಬಾಯಿಗೆ ಹೇಳಿಕೊಳ್ಳುತ್ತ ಮುದಗಲ್ಲಿನ ಬಸ್ಸು ಹತ್ತಿದರು. ತನ್ನ ಹೊಟ್ಟೆಯಲ್ಲಿ ಹುಟ್ಟಿ, ಬೇರೆ ಮನೆ ಸೇರಿ ಮೆರೆಯುತ್ತಿರುವ ಆ ಮಾತಿನ ಮೇಲೇ ನಿಂಗರಾಜನಿಗೆ ಹೊಟ್ಟೆ ಉರಿಯಿತು.