ಮಧ್ಯಾಹ್ನಕ್ಕೆ ನಿಲ್ಲುತ್ತಿದ್ದ ಪಂಪು

ಲಾಕ್‌ಡೌನ್‌ಗಳೆಲ್ಲ ಮುಗಿದು ಕಚೇರಿ, ಕಾಲೇಜು, ಹೋಟೆಲುಗಳು ಮತ್ತೆ ಬಾಗಿಲು ತೆರೆದ ವರ್ಷದ ಬೇಸಿಗೆ ಅದು. ಆಗ ನಾನು ಕಲಬುರಗಿಯಲ್ಲಿ ಕಟ್ಟಡಗಳ ಗಾಜು ತೊಳೆಯುವ ಕೆಲಸ ಹಿಡಿದು ಹೆಚ್ಚು ಕಾಲ ಆಗಿರಲಿಲ್ಲ. ಅದಕ್ಕೆ ಮೊದಲು ಸ್ಟೇಷನ್ ಬಜಾರದ ಒಂದು ಲಾಡ್ಜಿನಲ್ಲಿ ಹೌಸ್‌ಕೀಪಿಂಗ್ ಸೂಪರ್‌ವೈಸರ್ ಆಗಿದ್ದೆ. ಲಾಡ್ಜು ಮುಚ್ಚಿತು, ಕೆಲಸ ಹೋಯಿತು. ಹೊಸ ಕೆಲಸವೆಂದರೆ ದೊಡ್ಡ ಸಂಸ್ಥೆಯೇನಲ್ಲ. ನಾನು, ‘ಛೋಟಾ ಹಾಥಿ’ ಎಂದು ನಮ್ಮ ಕಡೆ ಕರೆಯುವ ಚಿಕ್ಕ ಗೂಡ್ಸ್ ಗಾಡಿ ಓಡಿಸುವ ಶಕೀಲಭಾಯಿ, ಗಾಡಿಯ ಮೇಲೊಂದು ನೀರಿನ ಟ್ಯಾಂಕು, ಒಂದು ಪಂಪು, ಒಂದು ಉದ್ದನೆಯ ಕೋಲು. ಇನ್ನೊಬ್ಬ ಪಾಲುದಾರರು ಮಸ್ಕತ್‌ನಲ್ಲಿದ್ದರು. ಅವರು ನನ್ನ ಪತಿ ಮಿಲಿಂದ್.

ಮಿಲಿಂದ್ ಅಲ್ಲಿ ಒಂದು ಕ್ಲೀನಿಂಗ್ ಕಂಪನಿಯಲ್ಲಿ ಗಾಜು ತೊಳೆಯುತ್ತಿದ್ದರು. ಮದುವೆಯಾದ ಮೇಲೆ ನಾವು ಒಂದೇ ಸೂರಿನಡಿ ಇದ್ದದ್ದಕ್ಕಿಂತ ಬೇರೆ ಬೇರೆ ದೇಶದಲ್ಲಿ ಇದ್ದದ್ದೇ ಹೆಚ್ಚು. ಒಮ್ಮೆ ರಜೆಗೆ ಬರುವಾಗ ಬಟ್ಟೆ, ಅತ್ತರು ತರುವ ಬದಲು ಈ ಕೋಲು ಮತ್ತು ಪಂಪನ್ನು ತಂದರು. ‘ವಾಟರ್ ಫೆಡ್ ಪೋಲ್’ ಎಂದು ಅದರ ಹೆಸರು. ಒಂದರೊಳಗೊಂದು ಸೇರಿದ ಕೊಳವೆಗಳನ್ನು ಎಳೆದರೆ ಕೋಲು ಮೂರನೇ ಮಹಡಿಯವರೆಗೆ ಉದ್ದವಾಗುತ್ತದೆ. ತುದಿಯಲ್ಲಿ ಬ್ರಷ್, ಒಳಗೆ ತೆಳುವಾದ ಪೈಪು. ಕೆಳಗಿನ ಪಂಪು ನೀರನ್ನು ತಳ್ಳುತ್ತದೆ, ಬ್ರಷ್ಷಿನ ತೂತುಗಳಿಂದ ನೀರು ಗಾಜಿನ ಮೇಲೆ ಚಿಮ್ಮುತ್ತದೆ. ಸೋಪು ಬೇಕಿಲ್ಲ, ಒರೆಸುವುದೂ ಬೇಕಿಲ್ಲ. ಏಣಿ ಹತ್ತುವುದು, ಹಗ್ಗಕ್ಕೆ ನೇತಾಡುವುದು ಎರಡೂ ತಪ್ಪುತ್ತವೆ. ಆದರೆ ನೀರು ಮಾತ್ರ ಶುದ್ಧವಾಗಿರಬೇಕು. ನಮ್ಮ ಕಲಬುರಗಿಯ ಬೋರ್‌ವೆಲ್ ನೀರನ್ನು ಹಾಗೇ ಹೊಡೆದರೆ ಒಣಗಿದ ಮೇಲೆ ಗಾಜಿನ ತುಂಬ ಬಿಳಿ ಚುಕ್ಕೆ ಉಳಿಯುತ್ತದೆ. ಅದಕ್ಕಾಗಿ ನೀರನ್ನು ಮೊದಲು ಆರ್‌ಒ, ಆಮೇಲೆ ಉಳಿದ ಲವಣ ಹೀರುವ ರೆಸಿನ್ ತುಂಬಿದ ಸಿಲಿಂಡರ್ ಮೂಲಕ ಹಾಯಿಸಿ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಿದ ಮೇಲೆಯೇ ಟ್ಯಾಂಕಿಗೆ ತುಂಬುತ್ತಿದ್ದೆವು.

ಯಾವ ಸಾಮಾನು ಕೊಳ್ಳಬೇಕು ಎಂಬುದರ ಮೇಲೆ ನಮ್ಮಿಬ್ಬರ ನಡುವೆ ಫೋನಿನಲ್ಲಿ ದಿನವೂ ಚರ್ಚೆ. ಎರಡನೇ ಕೋಲು ಕಾರ್ಬನ್ ಫೈಬರಿನದೇ ಇರಲಿ, ಹಗುರ ಎಂದು ಅವರು. ಅದರಲ್ಲಿ ಕರೆಂಟು ಹರಿಯುತ್ತದೆ, ನಮ್ಮೂರಿನ ಕಟ್ಟಡಗಳ ಪಕ್ಕದಲ್ಲೇ ವಿದ್ಯುತ್ ತಂತಿಗಳಿರುತ್ತವೆ, ಗ್ಲಾಸ್ ಫೈಬರ್ ತೂಕ ಹೆಚ್ಚಾದರೂ ಸರಿ ಎಂದು ನಾನು. ಕೊನೆಗೆ ನನ್ನ ಮಾತೇ ನಡೆಯಿತು. ಯಾವ ಕೋಲಾದರೂ ಒದ್ದೆಯಾದ ಮೇಲೆ ತಂತಿಯ ಹತ್ತಿರ ಒಯ್ಯಬಾರದು ಎಂದು ಅವರು ಎಷ್ಟು ಸಲ ಹೇಳಿದರೋ. ಬ್ರಷ್ಷಿನ ಕೂದಲು ಮೆತ್ತಗಿರಬೇಕೋ ಬಿರುಸೋ ಎಂಬುದರ ಮೇಲೆ ಒಂದು ವಾರ ಮಾತಾಡಿದ್ದು ನೆನಪಿದೆ. ಬೇರೆ ಗಂಡ ಹೆಂಡಿರು ಏನು ಮಾತಾಡುತ್ತಾರೋ, ನಾವು ಮಾತಾಡಿದ್ದೆಲ್ಲ ಇದೇ. ‘ನೆನಪಾಗುತ್ತದೆ’ ಎಂಬ ಮಾತು ನಮ್ಮಿಬ್ಬರ ಬಾಯಲ್ಲೂ ಬರುತ್ತಿರಲಿಲ್ಲ. ಹಾಗಾಗಿ ಅವರು ಪಂಪಿನ ಪ್ರೆಶರ್ ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ. ಎಷ್ಟು ಹೊತ್ತು ಹೇಳಿದರೂ ಅವರು ಫೋನ್ ಇಡುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಕಲಬುರಗಿಯ ಹತ್ತಿರದ ಕಮಲಾಪುರದ ಒಂದು ವಸತಿ ಕಾಲೇಜಿನಿಂದ ಕರೆ ಬಂತು. ಹೆದ್ದಾರಿಗೆ ಮುಖ ಮಾಡಿದ ಹೊಸ ಕಟ್ಟಡ, ಮುಂಭಾಗವೆಲ್ಲ ಗಾಜು. ರಸ್ತೆಯ ಕೆಲಸ ನಡೆದಿತ್ತು. ಅಲ್ಲಿನ ಕೆಂಪು ಮಣ್ಣಿನ ಧೂಳು ಕುಳಿತು ಗಾಜು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಕಾಲೇಜಿನ ವ್ಯವಸ್ಥಾಪಕರು ಕುಲಕರ್ಣಿ ಸರ್, ನಿವೃತ್ತಿಗೆ ಹತ್ತಿರವಿದ್ದ ಸಂಭಾವಿತರು. ಕಟ್ಟಡ ಸುತ್ತಾಡಿಸಿ ನೇರವಾಗಿ ಹೇಳಿದರು:

“ನೋಡ್ರಿ ಬಾಯಿಯವರ, ಮುಂದಿನ ವಾರ ಟ್ರಸ್ಟಿನವರೆಲ್ಲ ಬರೋರಿದ್ದಾರ. ಅಷ್ಟರಾಗ ಮುಂದಿನ ಭಾಗ ಆಗಬೇಕು. ಕೆಲಸ ಛಲೋ ಬಂತಂದ್ರ ಇಲ್ಲಿದೂ, ನಮ್ಮ ಟ್ರಸ್ಟಿನ ಕಲಬುರಗಿ ಕಾಲೇಜಿಂದೂ ವರ್ಷದ ಕಾಂಟ್ರ್ಯಾಕ್ಟ್ ನಿಮಗ ಕೊಡಸ್ತೀನಿ.”

ವರ್ಷವಿಡೀ ಕೆಲಸವೆಂದರೆ ನಮಗೆ ಏನರ್ಥ ಎಂಬುದು ಅವರಿಗೆ ಗೊತ್ತಿರಲಿಲ್ಲ. ಒಂದು ಕೋಲಿಗೆ ಖಾಯಂ ಕೆಲಸ ಸಿಕ್ಕರೆ ಎರಡನೆಯದನ್ನು ಹಿಡಿಯಲು ಮಿಲಿಂದ್ ಊರಿಗೇ ಬರಬಹುದಿತ್ತು. ಅದನ್ನು ನಾವು ಬಾಯಿ ಬಿಟ್ಟು ಆಡಿಕೊಂಡಿರಲಿಲ್ಲ, ಅಷ್ಟೆ.

ಮೊದಲ ದಿನ ಬೆಳಿಗ್ಗೆ ಎಲ್ಲ ಸರಿಯಾಗಿಯೇ ನಡೆಯಿತು. ಹುಲ್ಲುಹಾಸಿನ ಮೇಲೆ ಗಾಡಿ ಬರಬಾರದೆಂದು ಹೇಳಿದ್ದರಿಂದ ಶಕೀಲಭಾಯಿ ಗೇಟಿನ ಬಳಿ ನಿಲ್ಲಿಸಿದರು. ಅಲ್ಲಿಂದ ಕಟ್ಟಡದವರೆಗೆ ಉದ್ದಕ್ಕೂ ತೆಳು ಪೈಪು ಎಳೆದೆವು. ಗಾಜಿನಿಂದ ಕೆಂಪು ನೀರು ಹರಿದು ಹೋಗುತ್ತಿತ್ತು, ಹಿಂದೆಯೇ ಆಕಾಶ ಕಾಣುತ್ತಿತ್ತು. ಬಿಸಿಲು ನೆತ್ತಿಗೆ ಬಂದಾಗ ಬ್ರಷ್ಷಿನ ನೀರು ಹನಿಗೆ ಇಳಿಯಿತು, ಆಮೇಲೆ ನಿಂತಿತು. ಪಂಪಿನ ಸದ್ದೇ ಇಲ್ಲ. ಸ್ವಲ್ಪ ಹೊತ್ತಿಗೆ ತಾನಾಗಿ ಶುರುವಾಯಿತು, ಮತ್ತೆ ನಿಂತಿತು. ಅರ್ಧ ತೊಳೆದ ಗಾಜಿನ ಮೇಲೆ ಕೆಸರು ನೀರು ಅಲ್ಲಲ್ಲೇ ಒಣಗಿ ಗೆರೆಗಳಾದವು. ಕುಲಕರ್ಣಿ ಸರ್ ಹೊರಗೆ ಬಂದು ಕೈ ಹಿಂದೆ ಕಟ್ಟಿ ಮೇಲೆ ನೋಡಿದರು.

“ತೊಳಿಯೋಕಿಂತ ಮೊದಲ ಛಲೋ ಇತ್ತಲ್ಲರೀ ಬಾಯಿಯವರ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ಚುಚ್ಚುತ್ತಿರಲಿಲ್ಲ.

ಮಸ್ಕತ್‌ಗೆ ಫೋನ್ ಹಚ್ಚಿದೆ. ಮಿಲಿಂದ್ ಊಟಕ್ಕೆ ಕುಳಿತಿದ್ದರು. ತಟ್ಟೆ ಸರಿಸಿದ ಸದ್ದು ಕೇಳಿಸಿತು.

“ಬ್ಯಾಟರಿ ನೋಡಿದಿ?”

“ಫುಲ್ ಅದರಿ.”

“ಜಾಳಿಗಿ?”

ಟ್ಯಾಂಕಿನಿಂದ ಪಂಪಿಗೆ ನೀರು ಬರುವ ದಾರಿಯಲ್ಲಿ ಕಸ ತಡೆಯುವ ಸಣ್ಣ ಜಾಳಿಗೆ ಇರುತ್ತದೆ. ಬಿಚ್ಚಿ ನೋಡಿದೆ, ಸ್ವಚ್ಛವಿತ್ತು. ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡರೂ ನೀರು ನಿಲ್ಲುತ್ತದೆ. ಅದನ್ನೂ ಹೊರಗೆ ಬಿಟ್ಟೆ. ಪ್ರೆಶರ್ ಸ್ವಿಚ್ ಎಂದು ಒಂದಿದೆ, ಪೈಪಿನಲ್ಲಿ ಒತ್ತಡ ಮಿತಿ ಮೀರಿದರೆ ಮೋಟಾರನ್ನು ನಿಲ್ಲಿಸುವುದು ಅದರ ಕೆಲಸ. ಅವರು ಹೇಳಿದಂತೆ ಅದರ ಸ್ಕ್ರೂ ತಿರುಗಿಸಿದೆ. ಪ್ರಯೋಜನವಾಗಲಿಲ್ಲ.

“ಹಂಗಿದ್ರ ಪಂಪ್ ಬಿಚ್ಚು. ಒಳಗ ರಬ್ಬರ್ ಹರದಿರಬೇಕು.”

ಬೇವಿನ ಗಿಡದ ಕೆಳಗೆ ದುಪಟ್ಟಾ ಹಾಸಿ ಪಂಪು ಬಿಚ್ಚಿದೆ. ಇಂಥ ಪಂಪಿನೊಳಗೆ ಒಂದು ರಬ್ಬರಿನ ಪೊರೆ ಹಿಂದೆ ಮುಂದೆ ಆಡುತ್ತ ನೀರನ್ನು ನೂಕುತ್ತದೆ. ಅದು ಹರಿದಿರಲಿಲ್ಲ. ವಿಡಿಯೋ ಕಾಲಿನಲ್ಲಿ ಒಂದೊಂದೇ ಭಾಗ ಎತ್ತಿ ತೋರಿಸಿದೆ. ಅವರ ಊಟದ ಹೊತ್ತು ಮುಗಿಯಿತು. ಜೋಡಿಸಿ ಸ್ವಿಚ್ ಹಾಕಿದರೆ ಪಂಪು ಹೊಸದರಂತೆ ಓಡಿತು. ರಬ್ಬರು ಸರಿಯಾಗಿ ಕೂತಿರಲಿಲ್ಲವೇನೋ ಅಂದುಕೊಂಡೆವು. ಮರುದಿನ ಮಧ್ಯಾಹ್ನ ಮತ್ತೆ ನಿಂತಿತು.

“ಭಾಬಿ, ಪರೇಶಾನ್ ಆಗಬ್ಯಾಡ್ರಿ, ಹೊಸಾ ಪಂಪೇ ತರೋಣ ನಡೀರಿ,” ಎಂದರು ಶಕೀಲಭಾಯಿ. ಕಲಬುರಗಿಗೆ ಹೋಗಿ ಜಗತ್ ಸರ್ಕಲ್ ಹತ್ತಿರದ ಒಂದು ಕೃಷಿ ಸಾಮಾನಿನ ಅಂಗಡಿಯಲ್ಲಿ, ಬೆಳೆಗೆ ಔಷಧಿ ಹೊಡೆಯಲು ಬಳಸುವ ಬ್ಯಾಟರಿ ಪಂಪು ತಂದೆವು. ಒತ್ತಡವೂ ಅಷ್ಟೇ, ವೋಲ್ಟೇಜೂ ಅಷ್ಟೇ. ಪೆಟ್ಟಿಗೆಯಲ್ಲಿ ಕೂರಿಸಿದೆ. ಬೆಳಿಗ್ಗೆ ಓಡಿತು. ಮಧ್ಯಾಹ್ನ ಅದೂ ನಿಂತಿತು.

ಟ್ರಸ್ಟಿನವರು ಬರುವ ದಿನ ಹತ್ತಿರವಾಗಿತ್ತು. ಗೇಟಿನ ಬಳಿ ಗಾಡಿಯ ಹಿಂದೆ ನಿಂತು ಮಿಲಿಂದ್‌ಗೆ ಫೋನ್ ಮಾಡಿದೆ. ಎರಡೂ ಪಂಪು ನಿಂತವು ಎಂದೆ.

“ಬಿಡು ಸುಜಾತಾ. ನಾ ಬಂದಾಗ ನೋಡ್ತೀನಿ.”

“ಯಾವಾಗ ಬರ್ತೀರಿ?”

“ಅದನ್ನ ಹೇಳಬೇಕಂತ ಇದ್ದೆ. ಕಂಪನಿಯವರು ಮತ್ತ ಸಹಿ ಮಾಡು ಅನಾಕತ್ತಾರ. ಇನ್ನ ಎರಡು ವರ್ಷಕ್ಕ. ಗುರುವಾರ ಹೇಳಬೇಕು.” ಆಮೇಲೆ, “ನೀ ಏನಂತಿ?” ಎಂದು ಕೇಳಿದರು.

ಏನೆನ್ನಬೇಕಿತ್ತು? ಇಲ್ಲಿ ಕೆಲಸ ಕೈಬಿಟ್ಟು ಹೋಗುತ್ತಿದೆ. ಬರಬೇಡಿ ಎನ್ನಲು ನಾಲಿಗೆ ಏಳಲಿಲ್ಲ, ಬನ್ನಿ ಎನ್ನಲು ಧೈರ್ಯವಿರಲಿಲ್ಲ.

“ಮೊದಲ ಪಂಪ್ ಸುರು ಆಗ್ಲಿರಿ,” ಎಂದು ಫೋನ್ ಇಟ್ಟೆ.

ಕಣ್ಣು ತುಂಬಿದ್ದವು. ಶಕೀಲಭಾಯಿಗೆ ಕಾಣಬಾರದೆಂದು ಪಂಪಿನ ಪೆಟ್ಟಿಗೆಯ ಕಡೆ ತಿರುಗಿ, ಬಾಗಿಲು ತೆರೆದು, ಆಸರೆಗೆಂದು ಪಂಪಿನ ಮೇಲೆ ಅಂಗೈ ಇಟ್ಟೆ. ಚುರ್ ಎಂದಿತು. ಕಾದ ಹೆಂಚನ್ನು ಮುಟ್ಟಿದಂತೆ ಕೈ ಹಿಂದಕ್ಕೆಳೆದುಕೊಂಡೆ. ಇಷ್ಟು ದಿನ ಬಿಚ್ಚಿದ್ದೆಲ್ಲ ಪಂಪು ನೆರಳಲ್ಲಿ ಆರಿದ ಮೇಲೆಯೇ. ನಿಂತ ಗಳಿಗೆಯಲ್ಲಿ ಅದನ್ನು ಮುಟ್ಟಿ ನೋಡಿರಲೇ ಇಲ್ಲ.

ಇಂಥ ಮೋಟಾರುಗಳಲ್ಲಿ ‘ಥರ್ಮಲ್ ಕಟ್‌ಆಫ್’ ಇರುತ್ತದೆ. ವಿಪರೀತ ಕಾದರೆ ಸುಟ್ಟುಹೋಗದಂತೆ ಅದು ಮೋಟಾರನ್ನು ನಿಲ್ಲಿಸುತ್ತದೆ, ಆರಿದ ಮೇಲೆ ಮತ್ತೆ ಬಿಡುತ್ತದೆ. ನಮ್ಮ ಪಂಪು ಇದ್ದದ್ದು ಮುಚ್ಚಿದ ಕಬ್ಬಿಣದ ಪೆಟ್ಟಿಗೆಯಲ್ಲಿ, ತೆರೆದ ಗಾಡಿಯ ಮೇಲೆ, ನಮ್ಮ ಕಡೆಯ ಮೇ ತಿಂಗಳ ಬಿಸಿಲಿನಲ್ಲಿ. ಸಾಲದ್ದಕ್ಕೆ ಗೇಟಿನಿಂದ ಕಟ್ಟಡದವರೆಗೆ ತೆಳು ಪೈಪು. ಪೈಪು ಸಣ್ಣದಾಗಿ ಉದ್ದವಾದಷ್ಟೂ ಪಂಪು ಹೆಚ್ಚು ತಿಣುಕಬೇಕು. ಮಿಲಿಂದ್‌ಗೆ ಇದು ಹೊಳೆಯದೇ ಇದ್ದದ್ದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿ ಬಿಸಿಲು ಇದಕ್ಕಿಂತ ಜಾಸ್ತಿ, ಆದರೆ ಅವರ ಪಂಪು ಎ.ಸಿ. ಹಾಕಿದ ವ್ಯಾನಿನೊಳಗೆ ಕೂತಿರುತ್ತಿತ್ತು, ವ್ಯಾನು ಗೋಡೆಯ ಪಕ್ಕಕ್ಕೇ ಬರುತ್ತಿತ್ತು.

ಕುಲಕರ್ಣಿ ಸರ್ ಬಳಿ ಹೋಗಿ ಇದ್ದದ್ದು ಇದ್ದಂತೆ ಹೇಳಿದೆ. “ಪಂಪ್ ಕೆಟ್ಟಿಲ್ರಿ ಸರ್, ಕಾಯಾಕತ್ತದ. ನಾಳೆ ಒಂದ ದಿನ ಕೊಡ್ರಿ. ಬೆಳಕು ಹರಿಯೋದ್ರಾಗ ಸುರು ಮಾಡ್ತೀನಿ.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಗಾಡಿ ಹುಲ್ಲಿನ ಮ್ಯಾಲಿಂದ ಆ ಗಿಡದ ನೆರಳಿಗೆ ತರ್ರಿ. ಹುಲ್ಲು ಮತ್ತ ಬೆಳೀತದ.”

ಸಂಜೆಯೊಳಗೆ ಒಳಗೆ ಅಗಲವಿರುವ ದಪ್ಪ ಪೈಪು ತಂದೆವು. ಗಾಡಿಯಿಂದ ಕೋಲಿನ ಬುಡದವರೆಗೆ ಅದು, ಕೋಲಿನ ಒಳಗೆ ಮಾತ್ರ ತೆಳುವಾದದ್ದು. ಶಕೀಲಭಾಯಿ ಪೆಟ್ಟಿಗೆಯ ಎರಡೂ ಬದಿ ಕೊರೆದು ಗಾಳಿಗೆ ದಾರಿ ಮಾಡಿ, ಮೇಲೆ ಮಳೆಗೆ ಹೊದಿಸುವ ತಾಡಪತ್ರಿಯ ಚಪ್ಪರ ಕಟ್ಟಿದರು. ಪಂಪಿನ ವೇಗವನ್ನೂ ತುಸು ಇಳಿಸಿದೆ. ಗಾಜು ತೊಳೆಯಲು ನೀರು ನಿಲ್ಲದೆ ಬರಬೇಕು, ರಭಸ ಬೇಕಿಲ್ಲ.

ಮರುದಿನ ಹೆದ್ದಾರಿಯಲ್ಲಿ ಲಾರಿಗಳು ಕಡಿಮೆ ಇರುವಾಗಲೇ ಕೋಲು ಎತ್ತಿದೆ. ಕೈಯಲ್ಲಿ ಕೋಲು, ಕಿವಿ ಪೂರಾ ಪಂಪಿನ ಕಡೆ. ಬಿಸಿಲು ಏರಿತು. ಪಂಪು ಓಡಿತು. ಮಧ್ಯಾಹ್ನವಾಯಿತು. ಶಕೀಲಭಾಯಿ ಅದರ ಮೇಲೆ ಕೈ ಇಟ್ಟು ಹಾಗೇ ಇಟ್ಟುಕೊಂಡೇ ನಿಂತು, “ಬಿಲ್ಕುಲ್ ಥಂಡ್ ಅದ ಭಾಬಿ” ಎಂದು ಕೂಗಿದರು. ಕೊನೆಯ ಗಾಜಿನ ನೀರು ಇಳಿದು ಒಣಗಿದಾಗ ಒಂದು ಚುಕ್ಕೆಯೂ ಉಳಿದಿರಲಿಲ್ಲ. ಕುಲಕರ್ಣಿ ಸರ್ ಕಟ್ಟಡದ ಈ ತುದಿಯಿಂದ ಆ ತುದಿಗೆ ನಡೆದು ಬಂದು, “ಮುಂದಿನ ತಿಂಗಳ ಯಾವತ್ತ ಬರ್ತೀರಿ?” ಎಂದು ಮಾತ್ರ ಕೇಳಿದರು.

ವಿಡಿಯೋ ಕಾಲ್ ಮಾಡಿದೆ. ಮಿಲಿಂದ್ ಯಾವುದೋ ಕಟ್ಟಡದ ನೆರಳಿನಲ್ಲಿ ಹೆಲ್ಮೆಟ್ ತೆಗೆದು ಕುಳಿತಿದ್ದರು. ನಾನು ಫೋನನ್ನು ಗಾಜಿನ ಕಡೆ ಹಿಡಿದು ಮೂಲೆ ಮೂಲೆಯನ್ನೂ ತೋರಿಸುತ್ತ, ಪಂಪು, ಪೈಪು, ಚಪ್ಪರ ಎಂದು ಒಂದೇ ಉಸಿರಿಗೆ ಹೇಳುತ್ತಿದ್ದೆ. ಅವರು ಹೂಂ ಹೂಂ ಎನ್ನುತ್ತಿದ್ದರು. ನಡುವೆ ತಡೆದರು.

“ಗಾಜು ಸಾಕು ಸುಜಾತಾ. ನಿನ್ನ ಕಡೆ ತಿರುವು.”

ತಿರುವಿದೆ. ಮುಖದ ತುಂಬ ಧೂಳು, ಬೆವರು. ಅವರು ನೋಡುತ್ತಲೇ ಇದ್ದರು.

“ಭಾಳ ಬಡಕ ಆಗೀದಿ,” ಎಂದರು.

ಅಷ್ಟು ವರ್ಷ ಫೋನಿನಲ್ಲಿ ಮಾತಾಡಿದ್ದರೂ ಅವರು ನನ್ನನ್ನೇ ನೋಡಿ ಆಡಿದ ಮಾತು ಅದೊಂದೇ ಎಂದು ಆಗ ಅನಿಸಿತು.

“ಸಹಿ ಮಾಡಬ್ಯಾಡ್ರಿ. ಬಂದುಬಿಡ್ರಿ.”

ಅವರು ಹೆಲ್ಮೆಟನ್ನು ಮಡಿಲಲ್ಲಿ ತಿರುಗಿಸುತ್ತ ಕುಳಿತರು. ಯಾರೋ ಹಿಂದಿಯಲ್ಲಿ ಅವರ ಹೆಸರು ಕೂಗಿದರು. “ಬರ್ತೀನಿ,” ಎಂದು ಹೇಳಿ ಎದ್ದರು.

ತಕ್ಷಣ ಬರಲಾಗಲಿಲ್ಲ. ಅವರ ಜಾಗಕ್ಕೆ ಬೇರೆಯವರು ಬರುವವರೆಗೆ ಕಂಪನಿ ಬಿಡಲಿಲ್ಲ, ಚಳಿಗಾಲ ಬಂತು. ಅವರು ಮುಂಬೈ ರೈಲಿನಿಂದ ಇಳಿದ ದಿನ ನಾನು ಕೆಲಸದಿಂದ ನೇರ ಸ್ಟೇಷನ್ನಿಗೆ ಹೋಗಿದ್ದೆ. ಅವರ ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು. ಬಲ ಭುಜ ಎತ್ತಲು ಆಗುತ್ತಿರಲಿಲ್ಲ. ಅದನ್ನು ಫೋನಿನಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಐವಾನ್-ಎ-ಶಾಹಿ ಕಡೆಗಿರುವ ನಮ್ಮ ಬಾಡಿಗೆ ಮನೆ ತಲುಪುವವರೆಗೆ ಆಟೋದಲ್ಲಿ ಇಬ್ಬರಿಗೂ ಮಾತು ಸಿಗಲಿಲ್ಲ. ಪಕ್ಕದಲ್ಲಿ ಕುಳಿತವರೊಡನೆ ಮಾತಾಡುವುದು ನಮಗೆ ಮರೆತೇ ಹೋಗಿತ್ತು.

ಎರಡನೇ ಕೋಲನ್ನು ಹಿಡಿಯಲು ಅವರಿಗೆ ಆಗಲಿಲ್ಲ. ಈಗ ಅವರು ಟ್ಯಾಂಕು, ಪಂಪು ನೋಡಿಕೊಳ್ಳುತ್ತಾರೆ, ಕೋಲು ನನ್ನದೇ. ಹೊಸಬರಿಗೆ ಕೆಲಸ ಕಲಿಸುವಾಗ ನಾನು ಮೊದಲು ಹೇಳುವುದು ಇಷ್ಟೆ: ಯಂತ್ರ ನಿಂತರೆ ಸ್ಕ್ರೂಡ್ರೈವರ್ ಹುಡುಕಬೇಡಿ, ಮೊದಲು ಕೈಯಿಂದ ಮುಟ್ಟಿ ನೋಡಿ. ಕೆಟ್ಟಿದ್ದಕ್ಕೂ ದಣಿದದ್ದಕ್ಕೂ ವ್ಯತ್ಯಾಸ ಅಂಗೈಗೆ ಬೇಗ ತಿಳಿಯುತ್ತದೆ. ಆ ಕಮಲಾಪುರದ ವಾರ ನನಗೆ ಕಲಿಸಿದ್ದು ಅದು. ಪಂಪು, ಪೈಪುಗಳನ್ನು ಆಮೇಲೆ ಎಷ್ಟೋ ಬದಲಾಯಿಸಿದ್ದೇನೆ. ದೂರ ಇದ್ದ ಆ ವರ್ಷಗಳಿಗೆ ಮಾತ್ರ ಬದಲಿ ಯಾವ ಅಂಗಡಿಯಲ್ಲೂ ಸಿಗಲಿಲ್ಲ.

ಪ್ರತಿ ತಿಂಗಳು ಕಮಲಾಪುರದ ಕೆಲಸ ಮುಗಿಸಿ ಮರಳುವಾಗ ಗಾಡಿಯ ಮುಂದಿನ ಸೀಟಿನಲ್ಲಿ ಮೂವರೂ ಒತ್ತೊತ್ತಾಗಿ ಕೂರುತ್ತೇವೆ. ಊರು ದಾಟುವಷ್ಟರಲ್ಲಿ ಮಿಲಿಂದ್‌ಗೆ ನಿದ್ದೆ ಬರುತ್ತದೆ, ತಲೆ ನನ್ನ ಭುಜಕ್ಕೆ ವಾಲುತ್ತದೆ. ದಿನವಿಡೀ ಕೋಲು ಹಿಡಿದ ಭುಜ ಅದು, ನೋಯುತ್ತಿರುತ್ತದೆ. ಕಲಬುರಗಿ ಬರುವವರೆಗೂ ನಾನು ಅಲುಗಾಡುವುದಿಲ್ಲ.