ಅಕ್ಕನ ಬಸ್ಸಿನ ನೀಲಿ

ಕಟ್ಟುಹಲ್ಲು ತಯಾರಿಸುವುದು ಅವನ ಕಸುಬು. ಹಾಗಾಗಿ ಬೀದಿಯವರ ಬಾಯಲ್ಲಿ ಅವನು ಹಲ್ಲುಮಾಮ. ಯಾರಾದರೂ ಎದುರಿಗೆ ನಕ್ಕರೆ ಸಾಕು, ಮುಖ ಬಿಟ್ಟು ಅವರ ಹಲ್ಲಿನ ಬಣ್ಣ ಅಳೆಯುತ್ತ ನಿಂತುಬಿಡುವ ಮನುಷ್ಯ. ಹಳದಿ ಹಲ್ಲುಗಳ ನಡುವೆ ಬೆಳ್ಳಗಿನದೊಂದು ಕೂತರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಕೆಲಸದಲ್ಲಿ ಅದು ಒಳ್ಳೆಯ ಗುಣವೇ. ಮನೆಗೂ ಅದನ್ನೇ ಹೊತ್ತು ತಂದದ್ದು ಅವನ ಗ್ರಹಚಾರ.

ಮನೆಯಲ್ಲಿ ಅವನಿಗೆ ಇನ್ನೊಂದು ಹುಚ್ಚಿತ್ತು. ಗೇಣುದ್ದದ ಮಾದರಿ ವಾಹನಗಳನ್ನು ಜೋಡಿಸಿ, ಅವುಗಳ ಮೇಲಿನ ಹೆಸರು, ನಂಬರುಗಳನ್ನು ತಾನೇ ಪ್ರಿಂಟರಿನಲ್ಲಿ ಮುದ್ರಿಸಿ ಅಂಟಿಸುವುದು. ಅದಕ್ಕೆಂದೇ ಒಂದು ಕಾಗದ ಸಿಗುತ್ತದೆ. ಅದರ ಮೇಲೆ ಮುದ್ರಿಸಿ, ವಾರ್ನಿಷ್ ಹೊಡೆದು, ಒಣಗಿಸಿ ನೀರಿಗೆ ಹಾಕಿದರೆ ಅಕ್ಷರಗಳು ತೆಳು ಪೊರೆಯಾಗಿ ಜಾರಿ ಬರುತ್ತವೆ. ಆ ಪೊರೆಗೆ ಡೆಕಾಲ್ ಎನ್ನುತ್ತಾರೆ. ಹೆಂಡತಿ ಮಾತ್ರ "ಮುದುಕರ ಸ್ಟಿಕರ್" ಎನ್ನುತ್ತಿದ್ದಳು.

ಅವನ ಅಕ್ಕ ಆಯಸ್ಸೆಲ್ಲ ಸಿಟಿ ಬಸ್ಸು ಓಡಿಸಿದವಳು. ನೀಲಿ ಬಸ್ಸು. ಓಡಿ ಬಂದು ಹತ್ತುವವರು ಎಲ್ಲಿ ಕಾಲು ಮುರಿದುಕೊಳ್ಳುತ್ತಾರೋ ಎಂದು ಬಾಗಿಲ ಪಕ್ಕ ಬಿಳಿ ಅಕ್ಷರಗಳಲ್ಲಿ ಬರೆಸಿದ್ದಳು: "ಓಡಬೇಡಿ, ನಿಂತಿರ್ತೀನಿ." ಮೇಲಿನವರು ಕಣ್ಣು ಕೆಂಪಗೆ ಮಾಡಿದರೂ ಅಳಿಸಿರಲಿಲ್ಲ. ಅವಳು ನಿವೃತ್ತಳಾದಳು, ಬಸ್ಸು ಗುಜರಿಗೆ ಹೋಯಿತು. ಆಮೇಲೆ ಅವಳ ಕಣ್ಣಿನ ನರ ಒಣಗತೊಡಗಿತು. ನೋಟ ಹೆಚ್ಚು ದಿನ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ ದಿನವೇ ತಮ್ಮನಿಗೆ ಫೋನು ಮಾಡಿದಳು.

"ಲೋ, ನನ್ನ ಬಸ್ಸು ಮಾಡ್ಕೊಡೋ. ಬಾಗಿಲ ಹತ್ರ ಆ ಮಾತೂ ಇರ್ಬೇಕು. ಕಣ್ಣು ಇರೋವಾಗ್ಲೇ ಒಂದ್ಸಲ ನೋಡ್ಬಿಡ್ತೀನಿ."

"ಅದೇನ್ ಮಹಾ ಅಕ್ಕ" ಎಂದು ಇವನು ಒಪ್ಪಿಕೊಂಡ.

ಬಸ್ಸೇನೋ ಬೇಗ ಆಯಿತು. ತಕರಾರು ಬಂದದ್ದು ಅಕ್ಷರಗಳದು. ಮನೆಯ ಪ್ರಿಂಟರಿನಲ್ಲಿ ಬಿಳಿ ಶಾಯಿಯೇ ಇರುವುದಿಲ್ಲ. ಅಕ್ಕಿಕಾಳಿಗಿಂತ ಚಿಕ್ಕ ಅಕ್ಷರವನ್ನು ಕುಂಚದಲ್ಲಿ ಬರೆಯುವಂತೆಯೂ ಇಲ್ಲ. ಉಳಿದದ್ದು ಒಂದೇ ದಾರಿ: ಪೊರೆಯೇ ಬಿಳಿಯಾಗಿರುವ ಡೆಕಾಲ್ ಕಾಗದದ ಮೇಲೆ ಅಕ್ಷರಗಳ ಜಾಗ ಖಾಲಿ ಬಿಟ್ಟು, ಸುತ್ತಲೂ ನೀಲಿ ಮುದ್ರಿಸುವುದು. ಆ ನೀಲಿ ಬಸ್ಸಿನ ನೀಲಿಯಲ್ಲಿ ಬೆರೆತುಹೋಗಬೇಕು. ಮೊದಲನೆಯದನ್ನು ಅಂಟಿಸಿ ನೋಡಿದ. ಓದಲು ಚೆನ್ನಾಗಿಯೇ ಬರುತ್ತಿತ್ತು. ಆದರೆ ನೀಲಿ ಒಂದು ಚೂರು ಹಸಿರಿಗೆ ತಿರುಗಿ, ಅಂಗಿಗೆ ಹಾಕಿದ ತೇಪೆಯ ಹಾಗೆ ಎದ್ದು ಕಾಣುತ್ತಿತ್ತು. ಕಿತ್ತು ಬಿಸಾಡಿದ. ಮುಂದಿನದು ನೇರಳೆಗೆ ವಾಲಿತು. ಪರದೆಯ ಮೇಲೆ ಒಂದು ನೀಲಿ, ಒಣಗಿದಾಗ ಇನ್ನೊಂದು, ವಾರ್ನಿಷ್ ಬಿದ್ದ ಮೇಲೆ ಮತ್ತೊಂದು. ಹಲ್ಲುಮಾಮ ಹಟಕ್ಕೆ ಬಿದ್ದ.

ಅಕ್ಕ ಫೋನಿನಲ್ಲಿ ಕಾಲೆಳೆಯುತ್ತಿದ್ದಳು. "ಏನೋ, ನನ್ನ ಬಸ್ಸು ಡಿಪೋ ಬಿಡ್ತೋ ಇಲ್ವೋ?"

"ಬಣ್ಣ ಹೊಂದ್ತಿಲ್ಲ ಅಕ್ಕ. ಅಂಚು ಬೇರೆ ದಪ್ಪಗೆ ಎದ್ದು ಕೂತಿದೆ, ಅಸಹ್ಯವಾಗಿ."

"ನಾನೇನು ಮಾರ್ಕ್ಸ್ ಕೊಡ್ತೀನೇನೋ? ಹೇಗಿದ್ರೂ ತಗೊಂಡ್ ಬಾ."

ಅವನು ಹೋಗಲಿಲ್ಲ. ಅಕ್ಕನ ಮಗಳು ಒಂದು ದಿನ ಅವನ ಕೆಲಸದ ಜಾಗಕ್ಕೇ ಬಂದಳು. "ಮಾಮ, ಅಮ್ಮ ಈಗ ನೀರಿನ ಲೋಟಾನೂ ತಡಕಾಡ್ತಾಳೆ. ಆದಷ್ಟನ್ನೇ ಕೊಟ್ಬಿಡಿ."

"ಆದಷ್ಟನ್ನೇ ಕೊಡೋಕೆ ಅದೇನು ಸಂತೆ ಸಾಮಾನಾ?" ಎಂದು ರೇಗಿ ಕಳಿಸಿದ. ಅಕ್ಕನ ಮೇಲೆ ಅವನಿಗೆ ಪ್ರೀತಿ ಇರಲಿಲ್ಲವೇ? ಬೆಟ್ಟದಷ್ಟಿತ್ತು. ಆ ಪ್ರೀತಿಯ ಹೆಸರಿನಲ್ಲೇ ತನ್ನ ಕೈಚಳಕದ ಜಂಬವನ್ನೂ ಸಾಕಿಕೊಂಡಿದ್ದ, ಪಾಪಿ.

ಕೊನೆಗೂ ನೀಲಿ ನೀಲಿಗೆ ಸೇರಿತು. ಮೇಲೆ ಪಾರದರ್ಶಕ ವಾರ್ನಿಷ್ ಬಳಿದು ಉಜ್ಜಿ, ಮತ್ತೆ ಬಳಿದು ಉಜ್ಜಿ, ಅಂಚೇ ಇಲ್ಲದಂತೆ ನುಣುಪು ಮಾಡಿದ. ಹತ್ತಿಯಲ್ಲಿ ಸುತ್ತಿ ಅಕ್ಕನ ಮನೆಗೆ ಒಯ್ದ.

ಅಕ್ಕ ಕಿಟಕಿಯ ಪಕ್ಕ ಕೂತಿದ್ದಳು. ಬೆಳಕಿತ್ತು, ಅವಳಿಗೆ ಮಾತ್ರ ಇರಲಿಲ್ಲ. ಬಸ್ಸನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸಿದಳು. ಚಕ್ರ ಸಿಕ್ಕಿತು, ಕನ್ನಡಿ ಸಿಕ್ಕಿತು. ನಕ್ಕಳು. "ಇದು ಬಾಗಿಲು. ಬರ್ದಿರೋದು ಎಲ್ಲೋ?"

ಅವಳ ಬೆರಳು ಹಿಡಿದು ಅಕ್ಷರಗಳ ಮೇಲಿಟ್ಟ. "ಇಲ್ಲೇ ಅಕ್ಕ. ನಿನ್ನ ಬೆರಳ ಕೆಳಗೇ ಇದೆ."

ಬೆರಳು ಹಿಂದೆ ಮುಂದೆ ಜಾರಿತು. "ಏನೂ ಸಿಗ್ತಿಲ್ವಲ್ಲೋ. ಮೊದಲು ಮಾಡಿದ್ದು ಯಾವುದಾದ್ರೂ ಇದ್ಯಾ? ಅಂಚು ದಪ್ಪ ಅಂತಿದ್ಯಲ್ಲ, ಅದಾದ್ರೂ ಕೈಗೆ ಸಿಗ್ತಿತ್ತೇನೋ."

"ಎಲ್ಲಾ ಬಿಸಾಕ್ಬಿಟ್ಟೆ ಅಕ್ಕ."

ಅಕ್ಕ ತಡಕಾಡಿ ಅವನ ಕೈ ಹಿಡಿದುಕೊಂಡಳು. "ಹೋಗ್ಲಿ ಬಿಡು. ಬಣ್ಣ ಹೊಂದ್ತಾ?"